ಬಣ್ಣ ಹಚ್ಚುವವರೇ ದುಡ್ಡು ಕೊಡುವ ಸೀಮೆ

ಈ ಸಲದ ಪಯಣ ಮೈಸೂರು ದಾಟಿದ ಮೇಲಿನದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಇವುಗಳ ಸುತ್ತ ಹೊಸ ಅಗ್ರಹಾರ, ಸಾಲಿಗ್ರಾಮ, ಬೆಟ್ಟದಪುರ, ಸರಗೂರಿನಂಥ ಊರುಗಳು. ಬರುವ ಸುಗ್ಗಿಯಲ್ಲಿ ಇಲ್ಲಿ ಯಾವ ಆಟ, ಯಾವ ಹಾಡು, ಯಾವ ಜಾತ್ರೆ ಎಂದು ತಿಳಿಯಬೇಕಾದವರು ಮೊದಲು ಮೊಬೈಲ್ ತೆಗೆಯುತ್ತಾರೆ. ಅದರಲ್ಲಿ ಸಿಗುವುದೆಲ್ಲ ಸಾಮಾನ್ಯವಾಗಿ ಮೈಸೂರಿನದೇ: ದಸರಾ, ರಂಗಾಯಣದ ಬಹುರೂಪಿ, ಕಲಾಮಂದಿರದ ಕಾರ್ಯಕ್ರಮ. ಅಷ್ಟರಿಂದಲೇ ತಾಲ್ಲೂಕು ಕೇಂದ್ರಗಳಲ್ಲಿ ಏನೂ ನಡೆಯುವುದಿಲ್ಲ, ಸಂಜೆ ಏಳಕ್ಕೆ ಅಂಗಡಿ ಬಾಗಿಲು ಎಳೆದರೆ ಮುಗಿಯಿತು ಎಂದು ತೀರ್ಮಾನಿಸುವವರಿದ್ದಾರೆ. ನನಗೆ ಅದು ತಪ್ಪೆನಿಸುತ್ತದೆ. ಈ ಕಡೆ ಕಲೆಗೇನೂ ಬರವಿಲ್ಲ. ಅದು ನಡೆಯುವ ಲೆಕ್ಕ ಮಾತ್ರ ನಗರದ ಲೆಕ್ಕಕ್ಕೆ ತಿರುಗುಮುರುಗು. ಮೈಸೂರಿನಲ್ಲಿ ನೋಡುವವರು ಟಿಕೆಟ್ಟಿಗೆ ಕೊಡುತ್ತಾರೆ, ಇಲ್ಲವೇ ಸರ್ಕಾರ ಕೊಡುತ್ತದೆ. ಇಲ್ಲಿ ಆಡುವವರು, ಹಾಡುವವರು, ಹರಕೆ ಹೊತ್ತವರು ತಾವೇ ಕೈಯಿಂದ ಹಾಕಿ ನಡೆಸುತ್ತಾರೆ. ಟಿಕೆಟ್ ಮಾರಬೇಕಿಲ್ಲದವರು ದೂರದವರಿಗೆ ಸುದ್ದಿ ಮುಟ್ಟಿಸುವ ಗೋಜಿಗೆ ಯಾಕೆ ಹೋಗುತ್ತಾರೆ?

ಪರದೆಯ ಮೇಲೆ ಈಗ ಕಾಣುತ್ತಿರುವ ಫ್ಲೆಕ್ಸನ್ನು ಸ್ವಲ್ಪ ನಿಧಾನವಾಗಿ ನೋಡಿ. ಮೇಲೆ ಗ್ರಾಮದೇವತೆ, ಪಕ್ಕದಲ್ಲಿ ಶಾಸಕರು, ಕೆಳಗೆ ಸಾಲುಸಾಲಾಗಿ ಪಾಸ್‌ಪೋರ್ಟ್ ಅಳತೆಯ ಮುಖಗಳು. ಒಬ್ಬೊಬ್ಬರ ಹೆಸರಿನ ಕೆಳಗೆ ಕೃಷ್ಣ, ದುರ್ಯೋಧನ, ಕರ್ಣ, ಶಕುನಿ. ಕುರುಕ್ಷೇತ್ರ ಪೌರಾಣಿಕ ನಾಟಕ ಎಂಬ ಶೀರ್ಷಿಕೆ. ಈ ಪಾತ್ರಗಳಿಗೆ ರೊಕ್ಕ ಕಟ್ಟಬೇಕು, ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಆ ಹಣದಲ್ಲಿ ಹಾರ್ಮೋನಿಯಂ ಮೇಷ್ಟ್ರಿಗೆ ಸಂಭಾವನೆ, ಸೀನರಿಯವರಿಗೆ ಬಾಡಿಗೆ, ಉಡುಪು, ಕಿರೀಟ, ಮೈಕು, ಹೊರಗಿನಿಂದ ಕರೆಸುವ ನಟಿಯರಿಗೆ ಗೌರವಧನ ಎಲ್ಲವೂ ಆಗಬೇಕು. ದುರ್ಯೋಧನ ಹಗಲು ಹೊತ್ತು ಭತ್ತ ಬೆಳೆಯುವವನೋ, ಬಸ್ ಓಡಿಸುವವನೋ, ಶಾಲೆಯ ಮೇಷ್ಟ್ರೋ ಆಗಿರುತ್ತಾನೆ. ತಿಂಗಳುಗಟ್ಟಲೆ ರಾತ್ರಿ ಊಟ ಮುಗಿಸಿ ಬಂದು ಕಂದಪದ್ಯ, ರಂಗಗೀತೆಗಳನ್ನು ಮೇಷ್ಟ್ರ ಶ್ರುತಿಗೆ ಕೂಡಿಸುತ್ತಾನೆ. ಆಟದ ದಿನ ಊರವರಿಗೂ ಹೊರಗಿನವರಿಗೂ ಬಾಗಿಲೇ ಇಲ್ಲದ ಬಯಲಿನಲ್ಲಿ ಬೆಳಗಿನ ಜಾವದವರೆಗೆ ನಾಟಕ. ಹಾಡು ಹಿಡಿಸಿದರೆ ಒನ್ಸ್ ಮೋರ್ ಎಂಬ ಕೂಗು, ನೆಂಟರಿಂದ ಹಾರ, ಶಾಲು, ಕೆಲವೊಮ್ಮೆ ನೋಟಿನ ಮಾಲೆ. ಯುದ್ಧದ ನಡುವೆಯೇ ಸನ್ಮಾನ ನಡೆಯುತ್ತದೆ. ಭೀಮ ಗದೆ ಕೆಳಗಿಟ್ಟು ಕಾಯುತ್ತಾನೆ. ಮದುವೆಮನೆಯ ಮುಯ್ಯಿಯಂತೆ ಇದಕ್ಕೂ ಒಂದು ಲೆಕ್ಕ ಉಂಟು. ಇವತ್ತು ನಾನು ನಿನಗೆ ಹಾರ ಹಾಕಿದರೆ ನಾಳೆ ನಮ್ಮೂರ ನಾಟಕಕ್ಕೆ ನೀನು ಬರಬೇಕು.

ಕಾಸು ಕೊಟ್ಟು ಪಾತ್ರ ಮಾಡುವವನದು ಕಲೆಯೇ, ಬರಿಯ ಹುಚ್ಚಲ್ಲವೇ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ದುಡ್ಡಿದ್ದವನಿಗೆ ಕೃಷ್ಣನ ಪಾತ್ರ ಸಿಗುತ್ತದೆ, ದನಿಯಿದ್ದವನು ಸೈನಿಕನಾಗಿ ನಿಲ್ಲುತ್ತಾನೆ. ಇಂಥ ಆಟಗಳೂ ಇವೆ. ಆದರೆ ಈ ಪದ್ಧತಿಯಿಂದ ಆಗುತ್ತಿರುವುದನ್ನೂ ನೋಡಬೇಕು. ಕಂಪನಿ ನಾಟಕಗಳು ಹೆಚ್ಚುಕಡಿಮೆ ಮುಗಿದ ಮೇಲೂ ಅವುಗಳ ಮಟ್ಟುಗಳು, ಹಾರ್ಮೋನಿಯಂ ಕಲಿಸುವ ಮೇಷ್ಟ್ರುಗಳು, ಸೀನರಿ ಬಾಡಿಗೆಗೆ ಕೊಡುವವರು ಮೈಸೂರು, ಮಂಡ್ಯ, ತುಮಕೂರು ಸೀಮೆಯಲ್ಲಿ ಉಳಿದಿರುವುದು ಈ ಹವ್ಯಾಸಿ ರೈತರ ಕಾಸಿನಿಂದ. ಇದಕ್ಕಾಗಿ ಅವರು ಅನುದಾನಕ್ಕೆ ಕಾದು ಕೂತವರಲ್ಲ. ಕೇಳುಗನಾಗಿ ಒಬ್ಬನ ದನಿ ಸರಿಯಿಲ್ಲ ಎನಿಸಿದರೆ ಮುಂದಿನ ಪ್ರವೇಶದವರೆಗೆ ಚಹಾ ಕುಡಿದು ಬರಬಹುದು. ಆ ಸ್ವಾತಂತ್ರ್ಯ ಸಭಾಂಗಣದಲ್ಲಿ ಇಲ್ಲ.

ಆಡುವವರೇ ಹಣ ಹಾಕುವುದೆಂದ ಮೇಲೆ, ಅವರ ಕೈಯಲ್ಲಿ ಹಣ ಓಡಾಡುವ ಕಾಲವೇ ಕಾರ್ಯಕ್ರಮದ ಕಾಲ. ಪ್ರವಾಸ ಯೋಚಿಸುವವರಿಗೆ ಇದಕ್ಕಿಂತ ಉಪಯೋಗದ ಸುಳಿವು ಇನ್ನೊಂದಿಲ್ಲ. ಕೆ.ಆರ್. ನಗರ ಭತ್ತದ ಕಣಜ. ಕಾವೇರಿಯ ನಾಲೆಗಳ ಬಯಲಿನಲ್ಲಿ ಮುಂಗಾರಿಗೆ ನಾಟಿ, ಡಿಸೆಂಬರ್ ಹೊತ್ತಿಗೆ ಕಟಾವು, ಒಕ್ಕಣೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕೆಂಪು ನೆಲದಲ್ಲಿ ವರ್ಜೀನಿಯಾ ಹೊಗೆಸೊಪ್ಪು. ಮುಂಗಾರಿನಲ್ಲಿ ಬೆಳೆದ ಎಲೆಯನ್ನು ಮುರಿದು, ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ಸೌದೆಯ ಬೆಂಕಿಗೆ ಹದ ಮಾಡುವುದು ಮಳೆಗಾಲದಲ್ಲೇ; ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ಸಾಗಿಸುವುದು ಅದು ಕಳೆದ ಮೇಲೆ. ಜುಲೈ, ಆಗಸ್ಟ್ ತಿಂಗಳಲ್ಲಿ ಇಲ್ಲಿಗೆ ಬಂದು, ಏನೂ ಇಲ್ಲವಲ್ಲ ಎಂದರೆ ಊರವರು ಏನು ಹೇಳಿಯಾರು? ಒಲೆಯ ಮುಂದೆ ರಾತ್ರಿಯಿಡೀ ಬ್ಯಾರನ್ ಕಾಯುವವನಿಗೆ ನಾಟಕದ ತಾಲೀಮಿಗೆ ಪುರಸೊತ್ತಿಲ್ಲ. ಸಂಕ್ರಾಂತಿಯಿಂದ ಯುಗಾದಿಯವರೆಗೆ ಬನ್ನಿ. ಒಂದು ವರ್ಷ ತಂಬಾಕಿನ ದರ ಬಿದ್ದರೆ ಆ ವರ್ಷದ ಫ್ಲೆಕ್ಸುಗಳೂ ಕಡಿಮೆಯಾಗುತ್ತವೆ ಎಂದು ಊಹಿಸಿದರೆ ತಪ್ಪಾಗಲಾರದು.

ಈ ಕಾಲದ ಬಾಗಿಲು ತೆರೆಯುವುದು ಚುಂಚನಕಟ್ಟೆಯಲ್ಲಿ. ಮೊದಲು ಕೆ.ಆರ್. ನಗರ ತಾಲ್ಲೂಕಿನಲ್ಲಿದ್ದ ಊರು, ಈಗ ಸಾಲಿಗ್ರಾಮ ತಾಲ್ಲೂಕಿನದು. ಕಾವೇರಿ ಬಂಡೆಗಳ ನಡುವೆ ಸೀಳಿ ಸುಮಾರು 20 ಮೀಟರ್ ಕೆಳಕ್ಕೆ ಧುಮುಕುವ ಜಾಗ. ದಂಡೆಯಲ್ಲಿ ಕೋದಂಡರಾಮನ ಗುಡಿ. ಹೊರಗೆ ಜಲಪಾತ ಎಷ್ಟು ಬೋರ್ಗರೆದರೂ ಗರ್ಭಗುಡಿಯೊಳಗೆ ಸದ್ದು ಕೇಳಿಸದು ಎಂಬ ಪ್ರತೀತಿಯನ್ನು ಎಲ್ಲ ವಿಡಿಯೊಗಳೂ ಹೇಳುತ್ತವೆ, ಹಾಗಾಗಿ ಅದನ್ನು ಅಲ್ಲಿಗೇ ಬಿಡೋಣ. ಸಂಕ್ರಾಂತಿಯ ಆಸುಪಾಸಿನಲ್ಲಿ ಇಲ್ಲಿ ರಥೋತ್ಸವ. ಅದಕ್ಕೆ ಮೊದಲು ದಿನಗಟ್ಟಲೆ ದನಗಳ ಜಾತ್ರೆ. ಹಳ್ಳಿಕಾರ್ ಎತ್ತುಗಳ ಜೋಡಿಗಳನ್ನು ಶಾಮಿಯಾನದ ನೆರಳಲ್ಲಿ ಕಟ್ಟಿ, ಕೊಂಬಿಗೆ ಬಣ್ಣ, ಮೈಗೆ ಜೂಲು, ಮುಂದೆ ತಮಟೆ, ಮಂಗಳವಾದ್ಯ ಇಟ್ಟು ಜಾತ್ರೆಯೊಳಗೆ ಮೆರೆಸುತ್ತಾರೆ. ಮಾರುವ ಉದ್ದೇಶವೇ ಇಲ್ಲದೆ, ನನ್ನ ಜೋಡಿಯನ್ನು ಹತ್ತು ಜನ ನೋಡಲಿ ಎಂದು ಎತ್ತು ತಂದು ಕಟ್ಟುವವರೂ ಇದ್ದಾರೆ. ಟ್ರ್ಯಾಕ್ಟರು ಬಂದ ಮೇಲೆ ಹೊಲಕ್ಕೆ ಇವುಗಳ ಅಗತ್ಯ ಎಷ್ಟು ಉಳಿದಿದೆ ಎಂಬ ಮಾತು ಬೇರೆ. ಶೃಂಗಾರಕ್ಕೆ, ಗತ್ತಿಗೆ ಖರ್ಚು ಮಾಡುವವರು ಮಾತ್ರ ಉಳಿದಿದ್ದಾರೆ. ಈ ಮೆರವಣಿಗೆಯ ತಮಟೆಯವರ ಕೈಚಳಕವನ್ನು ಎತ್ತಿನ ಹಿಂದೆ ಅಡಗಿಹೋಗಲು ಬಿಡಬೇಡಿ. ಕ್ಯಾಮೆರಾ ಅವರ ಮೇಲೂ ಇರಲಿ.

ಇದೇ ಜಾಗದಲ್ಲಿ ಸರ್ಕಾರದ ವತಿಯಿಂದ ಜಲಪಾತೋತ್ಸವವೂ ನಡೆದಿದೆ. ದೊಡ್ಡ ವೇದಿಕೆ, ಬಂಡೆಗಳ ಮೇಲೆ ಬಣ್ಣದ ದೀಪ, ಸಿನಿಮಾ ಗಾಯಕರು. ಅದನ್ನು ಹಳಿಯುವುದಿಲ್ಲ. ಜನ ಸೇರುತ್ತಾರೆ, ಸ್ಥಳೀಯ ತಂಡಗಳಿಗೂ ಒಂದಷ್ಟು ಹೊತ್ತು ವೇದಿಕೆ ಸಿಗುತ್ತದೆ. ದಸರೆಯ ಹೊತ್ತಿಗೆ ತಾಲ್ಲೂಕುಗಳಲ್ಲಿ ನಡೆಯುವ ಗ್ರಾಮೀಣ ದಸರಾಕ್ಕೂ ಇದೇ ಮಾತು. ಆದರೆ ಅನುದಾನ, ಚುನಾವಣೆ, ಬರ, ಉಸ್ತುವಾರಿ ಸಚಿವರ ಆಸಕ್ತಿ ಎಲ್ಲ ಕೂಡಿಬಂದರೆ ಮಾತ್ರ ಇಂಥ ಉತ್ಸವ. ಜಾತ್ರೆ ಹಾಗಲ್ಲ, ಅದಕ್ಕೆ ಪಂಚಾಂಗದ ಅಪ್ಪಣೆ ಸಾಕು. ಅದೂ ನಿಲ್ಲುವ ಸಂದರ್ಭಗಳಿವೆ ಎನ್ನಿ. ಕೋವಿಡ್ ಕಾಲದಲ್ಲಿ ನಿರ್ಬಂಧವಿತ್ತು; 2022ರ ಕೊನೆಯಲ್ಲಿ ಚರ್ಮಗಂಟು ರೋಗ ಹರಡಿದಾಗ ರಾಜ್ಯದಲ್ಲಿ ದನಗಳ ಸಂತೆ, ಜಾತ್ರೆಗಳಿಗೆ ತಡೆ ಬಿತ್ತು. ಹೊರಡುವ ಮುನ್ನ ವಿಚಾರಿಸುವುದು ಒಳ್ಳೆಯದು.

ಶಿವರಾತ್ರಿಗೆ ಕಪ್ಪಡಿ. ಕೆ.ಆರ್. ನಗರದ ಕಡೆಯ ಕಾವೇರಿ ದಂಡೆಯಲ್ಲಿ ರಾಚಪ್ಪಾಜಿ, ಚೆನ್ನಾಜಮ್ಮನವರ ಗದ್ದುಗೆ. ಮಂಟೇಸ್ವಾಮಿ ಪರಂಪರೆಯ ಈ ಜಾತ್ರೆ ಶಿವರಾತ್ರಿಗೆ ಶುರುವಾಗಿ ಯುಗಾದಿಯತ್ತ ಸಾಗುತ್ತದೆ. ಎತ್ತಿನಗಾಡಿಯಲ್ಲಿ, ಈಗ ಹೆಚ್ಚಾಗಿ ಟೆಂಪೊಗಳಲ್ಲಿ ಬಂದ ಒಕ್ಕಲುಗಳು ನದಿ ದಂಡೆಯಲ್ಲೇ ಬಿಡಾರ ಹೂಡಿ, ಒಲೆ ಹಚ್ಚಿ, ಅಡುಗೆ ಮಾಡಿ, ಬಂದವರನ್ನೆಲ್ಲ ಊಟಕ್ಕೆ ಕೂರಿಸುತ್ತಾರೆ. ಇಲ್ಲಿ ಕೇಳಬೇಕಾದದ್ದು ಈ ಪರಂಪರೆಯ ಗಾಯಕರಾದ ನೀಲಗಾರರ ಹಾಡು. ತಂಬೂರಿ ಒಂದು ಕೈಯಲ್ಲಿ, ಗಗ್ಗರ ಇನ್ನೊಂದರಲ್ಲಿ. ಮುಂದಿನವನು ಕಥೆ ಎತ್ತುತ್ತಾನೆ, ಹಿಮ್ಮೇಳದವರು ಎಳೆಯುತ್ತಾರೆ, ನಡುನಡುವೆ ಮಾತು, ನಗೆ, ಎದುರು ಕೂತವರಿಗೆ ಒಂದು ಕುಟುಕು. ಕಲ್ಯಾಣಕ್ಕೆ ಹೋಗಿ ಬಸವಣ್ಣನವರ ಮಹಾಮನೆಯ ಬಾಗಿಲಲ್ಲೇ ಶರಣರನ್ನು ಪರೀಕ್ಷೆಗೆ ಒಡ್ಡುವ ಗುರು ಮಂಟೇಸ್ವಾಮಿಯ ಕಥೆ ಇದು. ಎಚ್.ಎಸ್. ಶಿವಪ್ರಕಾಶರು ಇದೇ ಕಾವ್ಯದ ಎಳೆ ಹಿಡಿದು ‘ಮಂಟೇಸ್ವಾಮಿ ಕಥಾಪ್ರಸಂಗ’ ನಾಟಕ ಬರೆದರು. ನಗರದ ರಂಗಭೂಮಿಗೆ ಈ ಹೆಸರು ಹೆಚ್ಚು ಪರಿಚಯವಾದದ್ದು ಅದರಿಂದ. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿರುವ ಜಾನಪದ ವಸ್ತುಸಂಗ್ರಹಾಲಯ ತೆರೆದಿದ್ದರೆ ಅಲ್ಲಿ ವೇಷ, ವಾದ್ಯ, ಗೊಂಬೆಗಳನ್ನು ನೋಡಬಹುದು, ನೋಡಬೇಕು ಕೂಡ. ಆದರೆ ಯಾವ ಸಾಲಿಗೆ ಮುದುಕಿಯೊಬ್ಬಳು ಕಣ್ಣೊರೆಸಿಕೊಳ್ಳುತ್ತಾಳೆ, ಯಾವ ಸಾಲಿಗೆ ಹುಡುಗರು ಗೊಳ್ಳೆಂದು ನಗುತ್ತಾರೆ ಎಂಬುದು ಗಾಜಿನ ಪೆಟ್ಟಿಗೆಯಲ್ಲಿ ಸಿಗದು. ಕಛೇರಿ ಸಂಗೀತ ಬೇಕೆನ್ನುವವರಿಗೂ ದಾರಿ ದೂರವಿಲ್ಲ. ಜಿಲ್ಲೆಯ ಗಡಿ ದಾಟಿದರೆ ಹಾಸನ ಜಿಲ್ಲೆಯ ರುದ್ರಪಟ್ಟಣ, ಗಾಯಕ ಆರ್.ಕೆ. ಶ್ರೀಕಂಠನ್ ಅವರ ಊರು. ಆರ್.ಕೆ. ಪದ್ಮನಾಭ ಅವರು ತಂಬೂರಿಯ ಆಕಾರದಲ್ಲಿ ಕಟ್ಟಿಸಿದ ಸಪ್ತಸ್ವರ ಮಂದಿರವೂ ಅಲ್ಲೇ ಇದೆ, ಬೇಸಿಗೆಯಲ್ಲಿ ಸಂಗೀತೋತ್ಸವ.

ಹೀಗೆ ಎಲ್ಲವನ್ನೂ ಕ್ಯಾಮೆರಾ ಮುಂದೆ ಹೇಳಿಬಿಟ್ಟರೆ ಜನ ಮುಗಿಬಿದ್ದು ಕೆಡಿಸುವುದಿಲ್ಲವೇ? ವಿಡಿಯೊ ಮಾಡುವವರು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಉತ್ತರಕ್ಕೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯನ್ನು ನೋಡಬಹುದು. 1960ರ ದಶಕದ ಆರಂಭದಲ್ಲಿ ಟಿಬೆಟನ್ ನಿರಾಶ್ರಿತರು ಕಾಡು ಕಡಿದು ನೆಲೆಸಿದ ಜಾಗ. ಪೆನೋರ್ ರಿಂಪೋಚೆ ನಾಮ್‌ಡ್ರೋಲಿಂಗ್ ಮಠವನ್ನು ಇಲ್ಲಿ ಸ್ಥಾಪಿಸಿದ್ದು 1963ರಲ್ಲಿ. ಕೊಡಗಿಗೆ ಹೋಗುವ ಕಾರುಗಳು ಅಲ್ಲಿ ನಿಲ್ಲುತ್ತವೆ, ಚಿನ್ನದ ಬುದ್ಧರ ಮುಂದೆ ಸೆಲ್ಫಿ, ಆಚೆ ಮೊಮೊ. ಇಷ್ಟು ಜನ ಬಂದರೂ ಫೆಬ್ರುವರಿ, ಮಾರ್ಚ್ ಹೊತ್ತಿನ ಹೊಸ ವರ್ಷದ ಹಬ್ಬ ಲೋಸರ್, ಅದಕ್ಕೆ ಮುಂಚಿನ ಮುಖವಾಡದ ಛಾಮ್ ನೃತ್ಯ ಪ್ರವಾಸಿಗರ ರಜೆ ನೋಡಿಕೊಂಡು ತಾರೀಖು ಬದಲಿಸಿಲ್ಲ. ಭಿಕ್ಷುಗಳು ತಮ್ಮ ಚಾಂದ್ರಮಾನದ ಲೆಕ್ಕದಂತೆ ಕುಣಿಯುತ್ತಾರೆ, ಬಂದವರು ಅಂಚಿನಲ್ಲಿ ಕೂತು ನೋಡುತ್ತಾರೆ. ಜನ ಬಂದದ್ದರಿಂದ ರಸ್ತೆ, ಕಸ, ಗದ್ದಲ ಹೆಚ್ಚಿರಬಹುದು. ಆಚರಣೆಯ ಯಜಮಾನಿಕೆ ಮಾತ್ರ ಮಠದ ಕೈಯಲ್ಲೇ ಇದೆ. ಅಂದಮೇಲೆ ಎಷ್ಟು ಜನ ಬಂದರು ಎಂಬುದಕ್ಕಿಂತ, ಯಾರಿಗಾಗಿ ಯಾರ ಹೇಳಿಕೆಯಂತೆ ಕುಣಿತ ಎಂಬುದೇ ದೊಡ್ಡದು.

ಇದರ ಎದುರು ಉದಾಹರಣೆ ಎಚ್.ಡಿ. ಕೋಟೆಯಲ್ಲಿದೆ. ಕಬಿನಿ ಜಲಾಶಯ, ನಾಗರಹೊಳೆಯ ರಕ್ಷಿತಾರಣ್ಯ, ಎರಡೂ ಬೆಳೆದದ್ದು ಜೇನುಕುರುಬರು, ಕಾಡುಕುರುಬರು, ಯರವರು ಇದ್ದ ನೆಲದಲ್ಲಿ. ಅವರ ಹಾಡಿಗಳು ಕಾಡಿನ ಅಂಚಿಗೆ ಸರಿದವು. ಈಗ ಹಿನ್ನೀರಿನ ದಂಡೆಯ ರೆಸಾರ್ಟುಗಳಲ್ಲಿ ಸಂಜೆ ಅತಿಥಿಗಳ ಮುಂದೆ ಬೆಂಕಿ ಹಾಕಿ ‘ಬುಡಕಟ್ಟು ನೃತ್ಯ’ ಎಂದು ತೋರಿಸುವುದುಂಟು. ಕುಣಿಯುವವರಿಗೆ ಕೂಲಿ ಸಿಗುತ್ತದೆ, ಆ ಕೂಲಿ ಮುಖ್ಯವೇ; ಬೇಡ ಎನ್ನಲು ನಾವ್ಯಾರು? ಆದರೆ ಊಟದ ಹೊತ್ತಿಗೆ ಸರಿಯಾಗಿ ಮುಗಿಯಬೇಕಾದ ಆ ಕುಣಿತ ನೋಡಿ ಅವರ ಹಬ್ಬ ನೋಡಿದೆವು ಎಂದುಕೊಳ್ಳಬಾರದು. ಹಬ್ಬ ಹೇಗಿರುತ್ತದೆ ಎಂದು ತಿಳಿಯಲು ಮೇ ತಿಂಗಳಲ್ಲಿ ಕೊಡಗಿನ ತಿತಿಮತಿ ಬಳಿಯ ದೇವರಪುರದ ಕುಂಡೆ ಹಬ್ಬಕ್ಕೆ ಹೋಗಬೇಕು. ಹೆಣ್ಣುವೇಷ, ಚಿತ್ರವಿಚಿತ್ರ ವೇಷ ತೊಟ್ಟು, ಡಬ್ಬ ಬಡಿಯುತ್ತ, ದೇವರಿಂದ ಹಿಡಿದು ಎದುರಿಗೆ ಬಂದವರವರೆಗೆ ಎಲ್ಲರನ್ನೂ ಬೈದು ಕಾಸು ಕೀಳುತ್ತಾರೆ. ಇಲ್ಲಿ ನನ್ನ ಶೀರ್ಷಿಕೆ ಸುಳ್ಳಾಗುತ್ತದೆ, ದುಡ್ಡು ಕೊಡುವವನು ನೋಡುಗನೇ. ಬೈಸಿಕೊಂಡು ಕೊಡಬೇಕು, ಅಷ್ಟೇ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಊರಿನವರೇ ಸೇರಿ ಮಾಡುವುದು ಎಂದರೆ ಊರಿನ ಜಾತಿ, ಊರಿನ ಗಂಡಸರ ದರ್ಬಾರು, ಊರಿನ ಜಗಳ ಎಲ್ಲವೂ ಅದರೊಳಗೆ ಇರುತ್ತವೆ. ನಿಜ. ಪೌರಾಣಿಕ ನಾಟಕದ ಫ್ಲೆಕ್ಸಿನಲ್ಲಿ ಮಹಿಳೆಯರ ಮುಖ ಹುಡುಕಿದರೆ ಹೊರಗಿನಿಂದ ಬಂದ ಕಲಾವಿದೆಯರದೇ ಹೆಚ್ಚು. ತಮಟೆ ಬಡಿಯುವ ಕೈ ಯಾವ ಕೇರಿಯದು, ರಥದ ಹಗ್ಗ ಮೊದಲು ಹಿಡಿಯುವ ಕೈ ಯಾವ ಕೇರಿಯದು ಎಂಬುದು ಗುಟ್ಟಲ್ಲ. ಹುಣಸೂರಿನ ಹನುಮ ಜಯಂತಿ ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು ಎಂಬುದೇ 2017ರಲ್ಲಿ ರಾಜ್ಯದ ಸುದ್ದಿಯಾಯಿತು. ಸರ್ಕಾರಿ ಉತ್ಸವದ ವೇದಿಕೆಗೆ ಈ ವಿಷಯದಲ್ಲಿ ಒಂದು ಅನುಕೂಲ ಇದೆ, ಅಲ್ಲಿ ಎಲ್ಲ ತಂಡಗಳನ್ನೂ ಸಮಾನವಾಗಿ ಪಟ್ಟಿ ಮಾಡಿ ಕೂರಿಸಬಹುದು. ಆದರೂ ಕಪ್ಪಡಿಯನ್ನು ಮರೆಯುವ ಹಾಗಿಲ್ಲ. ದಲಿತರು, ಹಿಂದುಳಿದವರು ಶತಮಾನಗಳಿಂದ ತಾವೇ ಒಕ್ಕಲಾಗಿ, ತಾವೇ ಗಾಯಕರಾಗಿ ನಡೆಸಿಕೊಂಡು ಬಂದ ಜಾತ್ರೆ ಅದು. ಅಲ್ಲಿ ಹಾಡುವ ಕಥೆಯೇ ದೊಡ್ಡವರ ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳುತ್ತದೆ. ಎಲ್ಲ ಜಾತ್ರೆಯೂ ಒಂದೇ ಎಂದು ಹೊಗಳುವುದೂ ತೆಗಳುವುದೂ ಎರಡೂ ಸೋಮಾರಿತನ.

ಹೋಗುವುದು ಹೇಗೆ? ಮೈಸೂರಿನಿಂದ ಕೆ.ಆರ್. ನಗರಕ್ಕೆ ರೈಲು, ಬಸ್ಸು ಎರಡೂ ಇವೆ, ಸುಮಾರು 40 ಕಿಲೋಮೀಟರ್. ಅಲ್ಲಿಂದ ಚುಂಚನಕಟ್ಟೆ 15ರ ಆಸುಪಾಸು. ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ ಒಂದೇ ಹೆದ್ದಾರಿಯಲ್ಲಿವೆ. ಬೈಲಕುಪ್ಪೆಯಲ್ಲಿ ರಾತ್ರಿ ತಂಗಬೇಕಾದ ವಿದೇಶಿ ಗೆಳೆಯರಿದ್ದರೆ ಮೊದಲೇ ಪರವಾನಗಿ ಪಡೆಯಬೇಕು. ತಾರೀಖಿಗೆ ಪಂಚಾಂಗ, ಕನ್ನಡ ದಿನಪತ್ರಿಕೆಗಳ ಮೈಸೂರು ಜಿಲ್ಲಾ ಪುಟ, ಎಚ್.ಡಿ. ಕೋಟೆ, ಸರಗೂರಿನ ಕಡೆಗಾದರೆ ಸರಗೂರಿನ ಜನಧ್ವನಿ ಸಮುದಾಯ ಬಾನುಲಿ. ನಾಟಕಕ್ಕೆ ಮಾತ್ರ ಫ್ಲೆಕ್ಸೇ ಗತಿ. ಬಸ್ ನಿಲ್ದಾಣದ ಸರ್ಕಲ್ಲಿನಲ್ಲಿ ಇಳಿದು ಕಣ್ಣಾಡಿಸಿ, ಪಕ್ಕದ ಹೋಟೆಲಿನಲ್ಲಿ ಒಂದು ಮಾತು ಕೇಳಿ. ರಾತ್ರಿ ಒಂಬತ್ತಕ್ಕೆ ಎಂದು ಬರೆದಿದ್ದರೆ ಹತ್ತೂವರೆಗೆ ಹೋದರೂ ಗಣಪತಿ ಸ್ತುತಿ ತಪ್ಪುವುದಿಲ್ಲ. ಚಳಿಗೆ ಒಂದು ಹೊದಿಕೆ, ಕೂರಲು ಒಂದು ಚಾಪೆ ಇರಲಿ. ಮುಂದಿನ ಸಾಲಿನ ಕುರ್ಚಿಗಳು ಹಾರ ಹಾಕಲು ಬಂದ ನೆಂಟರವು, ಅಲ್ಲಿ ಕೂರಬೇಡಿ.