ಎರೆಯಲ್ಲಿ ಇಪ್ಪತ್ತೊಂದು ಕಿಲೋಮೀಟರ್

ಮಳೆ ನಿಂತ ಮರುದಿನ ನವಲಗುಂದದ ಕಡೆಯ ಎರೆ ಹೊಲದ ದಾರಿಯಲ್ಲಿ ಓಡಲು ಹೊರಟವನಿಗೆ ಮೊದಲು ಕೈಕೊಡುವುದು ಉಸಿರಲ್ಲ, ಬೂಟು. ಹತ್ತು ಹೆಜ್ಜೆಗೆ ಅಡಿಭಾಗ ತುಂಬುತ್ತದೆ. ಇಪ್ಪತ್ತಕ್ಕೆ ಬೂಟಿನ ಆಕಾರ ಮಾಯ. ಐವತ್ತು ದಾಟುವಷ್ಟರಲ್ಲಿ ಓಟಗಾರ ಮೂರು ಬೆರಳು ಎತ್ತರವಾಗಿರುತ್ತಾನೆ, ಅವನ ಪಾದ ಆನೆಯ ಪಾದದಷ್ಟು ಅಗಲವಾಗಿರುತ್ತದೆ. ಆಮೇಲೆ ಯಾವುದೋ ಒಂದು ಹೆಜ್ಜೆಗೆ ಕಾಲು ಮುಂದೆ ಬಂದು ಬೂಟು ಹಿಂದೆಯೇ ಉಳಿಯುತ್ತದೆ. ಅದನ್ನು ಕೀಳಲು ಬಗ್ಗಿದವನಿಗೆ, ಗೊಬ್ಬರ ಚೀಲದ ಕೊಪ್ಪಿ ಹಾಕಿಕೊಂಡು ಬದುವಿನ ಮೇಲೆ ನಿಂತ ಹಿರಿಯರಿಂದ ಬರುವ ಪ್ರಶ್ನೆ ಒಂದೇ: “ಯಾಕೋ ತಮ್ಮಾ, ಯಾರರ ಬೆನ್ನ ಹತ್ಯಾರೇನು?”

ಕೇಳುವುದರಲ್ಲಿ ತಪ್ಪಿಲ್ಲ. ಬೆನ್ನು ಹತ್ತಿದವರಿಲ್ಲದೆ ರಾಡಿಯಲ್ಲಿ ಓಡುವುದು ಈ ಸೀಮೆಗೆ ಹೊಸದು. ಕರ್ನಾಟಕದಲ್ಲಿ ಅಂಥ ಓಟಗಳು ಇಲ್ಲವೆಂದಲ್ಲ. ಶ್ರೀರಂಗಪಟ್ಟಣದ ಹತ್ತಿರ, ರಂಗನತಿಟ್ಟಿನ ಆಸುಪಾಸಿನ ನಾಲೆ ಏರಿಯ ಮಣ್ಣು ದಾರಿಯಲ್ಲಿ ಕಾವೇರಿ ಟ್ರೇಲ್ ಮ್ಯಾರಥಾನ್ ನಡೆಯುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ಇದೆ. ಅಲ್ಲಿ ಅರ್ಧ ಮ್ಯಾರಥಾನ್ ಎಂದರೆ ಮಕ್ಕಳಾಟ. ಬೆಂಗಳೂರಿನಿಂದ ದುಡ್ಡು ಕಟ್ಟಿ ಬಂದವರು ಮೊಣಕಾಲ ತನಕ ಕೆಸರು ಮೆತ್ತಿಸಿಕೊಂಡು ನಗುತ್ತ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಕೆಸರು ಎರಡು ಬಕೆಟ್ ನೀರಿಗೆ ಹೋಗುತ್ತದೆ. ಎರೆಯ ಕಥೆ ಬೇರೆ.

ಎರೆ ಮಣ್ಣಿನ ಗುಟ್ಟು ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯಲ್ಲಿದೆ. ಅದರ ತೀರ ತೆಳುವಾದ ಪದರುಗಳ ನಡುವೆ ನೀರು ಹೊಕ್ಕು ಕೂತರೆ ಇಡೀ ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ಆ ನೀರು ಆರಿ ಕುಗ್ಗಿದಾಗ ಹೊಲದ ತುಂಬ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು. ಹೊಸ ಮನೆಯ ಗೋಡೆ ಸೀಳುವುದೂ, ಡಾಂಬರು ರಸ್ತೆ ಎರಡು ಮಳೆಗಾಲಕ್ಕೆ ಅಲೆ ಅಲೆಯಾಗುವುದೂ ಈ ಉಬ್ಬು ತಗ್ಗಿನಿಂದಲೇ. ಆದರೆ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆಗಳು ಬಿತ್ತಿದ ಮೇಲೆ ಹನಿ ಮಳೆ ಬೀಳದಿದ್ದರೂ ಕಾಳು ಕಟ್ಟುವುದು ಇದೇ ಮಣ್ಣು ಹಿಡಿದಿಟ್ಟುಕೊಂಡ ಹಸಿಯ ಮೇಲೆ. ಆದ್ದರಿಂದ ಬೂಟು ಕಳಕೊಂಡವನು ಬೈಯುವ ಮೊದಲು ಮಧ್ಯಾಹ್ನ ಉಂಡ ರೊಟ್ಟಿಯನ್ನು ನೆನೆಯುವುದು ಒಳ್ಳೆಯದು.

ಜೋಳವನ್ನೇ ಹಿಡಿದು ಒಂದು ಲೆಕ್ಕ ಹಾಕಬಹುದು. ಅರ್ಧ ಮ್ಯಾರಥಾನ್ ಎಂದರೆ 21.0975 ಕಿಲೋಮೀಟರ್. ರಾಡಿಯಲ್ಲಿ ಹೆಜ್ಜೆಗೆ ಒಂದು ಮೀಟರ್ ಸಾಗಿದರೆ ಅದೇ ಹೆಚ್ಚು. ಅಂದರೆ 21 ಸಾವಿರ ಹೆಜ್ಜೆ. ಪ್ರತಿ ಹೆಜ್ಜೆಗೆ ಅರ್ಧ ಕಿಲೋ ಎರೆ ಮೇಲೆದ್ದರೆ ಓಟ ಮುಗಿಯುವಷ್ಟರಲ್ಲಿ ಓಟಗಾರ ಹತ್ತು ಟನ್ನಿಗೂ ಹೆಚ್ಚು ಮಣ್ಣು ಎತ್ತಿರುತ್ತಾನೆ. ಕ್ವಿಂಟಲ್ ಚೀಲದ ಲೆಕ್ಕದಲ್ಲಿ ನೂರು ಚೀಲ ಜೋಳ. ಓಟದ ವಿಜ್ಞಾನಿಗಳು ಅಳೆದು ಹೇಳುವ ಪ್ರಕಾರ ಒಂದೊಂದು ಬೂಟಿನ ತೂಕ 100 ಗ್ರಾಂ ಹೆಚ್ಚಾದರೆ ಓಡಲು ಬೇಕಾಗುವ ಶಕ್ತಿ ಸುಮಾರು ಶೇಕಡಾ 1ರಷ್ಟು ಹೆಚ್ಚುತ್ತದೆ. ಅರ್ಧ ಕಿಲೋಗೆ ಶೇಕಡಾ 5 ಆಯಿತು. ಕಾಗದದ ಮೇಲೆ ಇದು ಅಂಥ ದೊಡ್ಡ ಅಂಕಿಯಲ್ಲ. ಪ್ರಯೋಗಶಾಲೆಯ ಓಟದ ಯಂತ್ರ ಬೂಟನ್ನು ಹಿಡಿದು ಎಳೆಯುವುದಿಲ್ಲವಲ್ಲ!

ಟ್ರೇಲ್ ಓಟಕ್ಕೆಂದೇ ಮಾಡಿದ ದುಬಾರಿ ಬೂಟುಗಳ ಅಡಿಯಲ್ಲಿ ನಾಲ್ಕರಿಂದ ಆರು ಮಿಲಿಮೀಟರಿನ ಹಲ್ಲುಗಳಿರುತ್ತವೆ. ಇಂಗ್ಲೆಂಡಿನ ಗುಡ್ಡಗಳ ನೀರು ನೀರಾದ ಕೆಸರಿಗೆ, ಜಾರುವ ಹುಲ್ಲಿಗೆ ಅವು ಚೆನ್ನಾಗಿ ಕಚ್ಚುತ್ತವೆ. ಎರೆಯಲ್ಲಿ ಆ ಹಲ್ಲುಗಳ ಸಂದಿಯೇ ಮಣ್ಣಿಗೆ ಮನೆ. ಸೈಕಲ್, ಮೋಟರ್‌ಸೈಕಲ್ಲಿನ ಮಡ್‌ಗಾರ್ಡಿಗೂ ಇದೇ ಗತಿ: ಗಾಲಿಗೂ ತಗಡಿಗೂ ನಡುವೆ ಎರೆ ಗಿಡಿದುಕೊಂಡರೆ ಗಾಲಿ ತಿರುಗುವುದನ್ನೇ ಬಿಡುತ್ತದೆ. ಮಳೆಗಾಲದಲ್ಲಿ ಸೈಕಲ್ಲೇ ಸವಾರನ ಹೆಗಲೇರಿ ಊರು ಸೇರುವ ನೋಟ ಈ ಭಾಗದವರಿಗೆ ಹೊಸದಲ್ಲ. ಹೊಲಕ್ಕೆ ಹೋಗುವವರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯುತ್ತಾರೆ. ಬರಿಗಾಲಿಗೂ ಎರೆ ಮೆತ್ತುತ್ತದೆ. ಆದರೆ ಬೆರಳು ಆಡಿಸಿ, ಕರಕಿಗೆ ಒರೆಸಿ ಬಿಡಿಸಿಕೊಳ್ಳಬಹುದು. ಬಳ್ಳಾರಿ ಜಾಲಿಯ ಮುಳ್ಳಿಗೆ ಮಾತ್ರ ಈ ಉಪಾಯದಲ್ಲಿ ಉತ್ತರವಿಲ್ಲ.

ಕಾಲಿಡುವುದು ಎಲ್ಲಿ ಎಂಬುದೇ ಇಲ್ಲಿಯ ದೊಡ್ಡ ವಿದ್ಯೆ. ಹೊಸಬನು ಚಕ್ಕಡಿ ದಾರಿಯಲ್ಲಿ ನೀರು ನಿಂತ ಜಾಡನ್ನು ತಪ್ಪಿಸಿ, ಒಣಗಿದಂತೆ ಕಾಣುವ ಅಂಚಿನಲ್ಲಿ ಓಡುತ್ತಾನೆ. ಅಲ್ಲೇ ಕೆಡುತ್ತದೆ. ನೀರು ತುಂಬಿದ ಜಾಡಿನ ಮಣ್ಣು ತೆಳ್ಳಗೆ ಕರಗಿರುತ್ತದೆ, ಕಾಲು ಎತ್ತಿದರೆ ಇಳಿದು ಹೋಗುತ್ತದೆ. ಅರೆ ಆರಿದ ಎರೆ ಮಾತ್ರ ಬಿಡುವ ಮಾತಿಲ್ಲ. ಬಲ್ಲವರು ಎರಡು ಗಾಲಿ ಜಾಡುಗಳ ನಡುವೆ ಹುಲ್ಲು ಬೆಳೆದ ಬೆನ್ನಿನ ಮೇಲೋ, ಕರಕಿ ಹಬ್ಬಿದ ಬದುವಿನ ಮೇಲೋ ಹೆಜ್ಜೆ ಹುಡುಕುತ್ತಾರೆ. ಎರಡೂ ಇಲ್ಲವಾದರೆ ನೇರವಾಗಿ ನೀರಿಗೇ ಇಳಿಯುತ್ತಾರೆ. ಮಳೆ ಸುರಿಯುವಾಗಿನ ಓಟ ಸಲೀಸು, ಮರುದಿನದ್ದು ನರಕ, ನಾಲ್ಕೈದು ದಿನ ಬಿಸಿಲು ಬಿದ್ದ ಮೇಲಿನದ್ದು ಸಾಧಾರಣ. ಪಟ್ಟಣದ ಸಂಘಟಕರು ಮಳೆ ಬಂತೆಂದು ಓಟವನ್ನು ಒಂದು ದಿನ ಮುಂದೂಡಿದರೆ ಇಲ್ಲಿ ಅದಕ್ಕಿಂತ ಕೆಟ್ಟ ನಿರ್ಧಾರ ಮತ್ತೊಂದಿರದು.

ಧಾರವಾಡ ಜಿಲ್ಲೆ ಒಂದೇ ಆದರೂ ರಾಡಿ ಒಂದೇ ಅಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಬಹುಭಾಗ ಎರೆ. ಪಶ್ಚಿಮಕ್ಕೆ ಕಲಘಟಗಿಗೆ ಹೋದರೆ ಮಣ್ಣು ಕೆಂಪಾಗುತ್ತದೆ, ಮಳೆ ಹೆಚ್ಚುತ್ತದೆ, ಭತ್ತದ ಗದ್ದೆಗಳು ಶುರುವಾಗುತ್ತವೆ, ದೇವಿಕೊಪ್ಪದ ಕಾಡು ಎದುರಾಗುತ್ತದೆ. ಅಲ್ಲಿಯ ಕೆಸರು ಜಾರಿಸಿ ಬೀಳಿಸುತ್ತದೆ. ನವಲಗುಂದದ್ದು ಬೀಳಲಿಕ್ಕೂ ಬಿಡದೆ ನಿಲ್ಲಿಸಿಕೊಳ್ಳುತ್ತದೆ. ಟ್ರೇಲ್ ಓಟ ಮಾಡಿಸಬೇಕೆನ್ನುವವರು ಚೆಂದಕ್ಕೆ ಮಾರುಹೋಗಿ ಕಲಘಟಗಿಯನ್ನೇ ಆರಿಸುತ್ತಾರೆ, ಅದು ಸಹಜ. ಆದರೆ ಕಾಡು, ಗುಡ್ಡ, ಕೆಂಪು ದಾರಿ ನಾಡಿನ ಬೇರೆ ಕಡೆಯೂ ಸಿಗುತ್ತವೆ. ಕಣ್ಣು ಹಾಯುವ ತನಕ ಮರವೇ ಇಲ್ಲದ, ಗುರುತಿಗೆ ಒಂದು ಗುಡಿಯ ಶಿಖರವೋ ನೀರಿನ ಟ್ಯಾಂಕೋ ಬಿಟ್ಟರೆ ಏನೂ ಕಾಣದ ಎರೆ ಬಯಲಿನ ಓಟ ಮನಸ್ಸನ್ನು ಬೇರೆ ರೀತಿಯಲ್ಲಿ ಹಣ್ಣು ಮಾಡುತ್ತದೆ. ಎಷ್ಟು ಓಡಿದರೂ ಆ ಟ್ಯಾಂಕು ಅಲ್ಲೇ ಇರುತ್ತದೆ.

ಅಣ್ಣಿಗೇರಿಯಿಂದ ನವಲಗುಂದಕ್ಕೆ ಹೆಚ್ಚೂಕಡಿಮೆ ಇಪ್ಪತ್ತು ಕಿಲೋಮೀಟರ್. ಅರ್ಧ ಮ್ಯಾರಥಾನಿಗೆಂದೇ ಯಾರೋ ಅಳೆದು ಊರು ಕಟ್ಟಿದಂತಿದೆ. ಪಂಪನ ಹೆಸರು ಹೇಳುವ ಊರಿನಲ್ಲಿ, ಅಮೃತೇಶ್ವರ ಗುಡಿಯ ಮುಂದೆ ಹೊರಟು, ಜಮಖಾನೆಯ ಊರಿನಲ್ಲಿ ಮುಗಿಸಬಹುದು. ಗೆದ್ದವರಿಗೆ ಪದಕದ ಬದಲು ಒಂದು ಜಮಖಾನೆ ಕೊಟ್ಟರೆ ಮನೆಯಲ್ಲಿ ಹಾಸಲಾದರೂ ಬಂದೀತು.

ಹಾಗಾದರೆ ಓಡುವವರು ಯಾರು? ಬೆಳಗಿನ ಐದೂವರೆಗೆ ಈ ಊರುಗಳ ರಸ್ತೆಗೆ ಬಂದರೆ ಉತ್ತರ ಸಿಗುತ್ತದೆ. ಚಡ್ಡಿ ಬನಿಯನ್ ತೊಟ್ಟ ಹುಡುಗರು, ಈಚೆಗೆ ಹುಡುಗಿಯರೂ, ಒಬ್ಬರ ಹಿಂದೊಬ್ಬರು ಓಡುತ್ತಿರುತ್ತಾರೆ. ಅವರಿಗೆ ಮ್ಯಾರಥಾನಿನ ಗೊಡವೆಯಿಲ್ಲ. ಸೇನಾ ಭರ್ತಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದಲ್ಲಿ ಮುಗಿಸಿದರೆ ಪೂರ್ತಿ ಅಂಕ. ರಾಜ್ಯದ ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕೆನ್ನುವ ಗಂಡು ಅಭ್ಯರ್ಥಿಗೆ 1600 ಮೀಟರಿಗೆ ಆರೂವರೆ ನಿಮಿಷ, ಹೆಣ್ಣುಮಕ್ಕಳಿಗೆ 400 ಮೀಟರಿಗೆ ಎರಡು ನಿಮಿಷ. ಮೊಬೈಲಿನ ಗಡಿಯಾರ ನೋಡಿಕೊಂಡು ಅವರು ಡಾಂಬರಿನ ಮೇಲೆಯೇ ಓಡುತ್ತಾರೆ, ರಾಡಿಯ ಕಡೆ ತಿರುಗಿಯೂ ನೋಡುವುದಿಲ್ಲ. ರಾಡಿ ಅವರಿಗೆ ಮನರಂಜನೆಯಲ್ಲ, ಅದರಿಂದ ಪಾರಾಗಲೆಂದೇ ಈ ಓಟ. ಇವರನ್ನು ನಿಲ್ಲಿಸಿ ಕೆಸರಿನ ಸೊಬಗು ವಿವರಿಸಲು ಹೋಗುವವರಿಗೆ ಒಳ್ಳೆಯ ಧೈರ್ಯ ಬೇಕು.

ನೂರು ವರ್ಷದ ಹಿಂದೆ ಇದೇ ಉತ್ತರ ಕರ್ನಾಟಕದ ಓಟಗಾರನೊಬ್ಬ ಬಹಳ ದೂರ ಹೋಗಿದ್ದ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾದ ಕ್ರೀಡಾಕೂಟಕ್ಕೆ ಬಂದಿದ್ದ ದೊರಾಬ್ಜಿ ಟಾಟಾ ಅವರು ಒಕ್ಕಲು ಮಕ್ಕಳು ಬರಿಗಾಲಲ್ಲಿ ಓಡಿದ ವೇಗ ಕಂಡು ಬೆರಗಾದರು. ಮರುವರ್ಷ ಬೆಲ್ಜಿಯಂನ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೊರಟ ಭಾರತದ ಸಣ್ಣ ತಂಡಕ್ಕೆ ಅವರೇ ಬೆನ್ನಾಗಿ ನಿಂತರು. ಆ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಆ ಸಲದ ಮ್ಯಾರಥಾನ್ ಈಗಿನದಕ್ಕಿಂತ ಉದ್ದ, 42.75 ಕಿಲೋಮೀಟರ್. ಚೌಗುಲೆ ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಓಡಿ 19ನೆಯವರಾದರು. ಇಂದಿಗೂ ಹುಬ್ಬಳ್ಳಿ-ಧಾರವಾಡದ ಹವ್ಯಾಸಿ ಓಟಗಾರರಲ್ಲಿ ಈ ಸಮಯಕ್ಕೆ ಆಸೆಪಡದವರಿಲ್ಲ.

ಕೆಸರಿನಲ್ಲೇ ಹೆಸರು ಮಾಡಿದವರು ಕರಾವಳಿಯ ಕಂಬಳದ ಓಟಗಾರರು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದ ಕರೆಯಲ್ಲಿ, ಅಂದರೆ ಕೆಸರಿನ ಓಟದ ಅಂಕಣದಲ್ಲಿ, ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಅದನ್ನು ಉಸೇನ್ ಬೋಲ್ಟ್ ಲೆಕ್ಕಕ್ಕೆ ಇಳಿಸಿತು. ಗೌಡರು ಮಾತ್ರ ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಒಲ್ಲೆ ಎಂದು ಕೋಣಗಳ ಜೊತೆಯೇ ಉಳಿದರು. ಜಾಣತನ. ಕಂಬಳದ ಕರೆಯಲ್ಲಿ ನೀರು ನಿಲ್ಲಿಸಿ ಹದ ಮಾಡಿದ ಕೆಸರಿರುತ್ತದೆ. ಜಾಡಿನ ನೀರು ಹುಡುಕುವ ನವಲಗುಂದದ ರೈತರಿಗೆ ಅದರ ಮರ್ಮ ಹೇಳಿಕೊಡಬೇಕಾಗಿಲ್ಲ.

ಧಾರವಾಡದ ಹಳ್ಳಿಗಳಲ್ಲಿ ಕಂಬಳಕ್ಕೆ ಹೊಂದುವುದು ಪಂಚಮಿಯ ಪಂದ್ಯಗಳು. ನಾಗರ ಪಂಚಮಿಗೆ ಹೆಣ್ಣುಮಕ್ಕಳು ಜೋಕಾಲಿ ಏರಿದರೆ ಹರೆಯದವರು ಶರ್ಯತ್ತು ಕಟ್ಟುತ್ತಾರೆ: ಕಣ್ಣು ಕಟ್ಟಿಕೊಂಡು ನಡೆಯುವುದು, ಜೋಳದ ಚೀಲ ಹೊತ್ತು ಓಡುವುದು, ಈ ಊರಿನಿಂದ ಆ ಊರಿಗೆ ಇಷ್ಟೇ ಎಸೆತಕ್ಕೆ ನಿಂಬೆಹಣ್ಣು ಮುಟ್ಟಿಸುವುದು. ಎಸೆದ ಹಣ್ಣು ಬಿದ್ದಲ್ಲಿಂದ ಮತ್ತೆ ಎಸೆಯಬೇಕು. ದಾರಿ ಯಾವುದೆಂದು ಕೇಳುವಂತಿಲ್ಲ, ರಾಡಿಯೆಂದು ಹಿಂಜರಿಯುವಂತಿಲ್ಲ. ಹೋಗಿ ಬರುವ ದೂರ ಕೂಡಿಸಿದರೆ ಎಷ್ಟೋ ಸಲ ಅರ್ಧ ಮ್ಯಾರಥಾನಿಗೆ ಹತ್ತಿರವಾದೀತು. ನೋಂದಣಿ ಶುಲ್ಕ, ಎದೆಗೆ ಅಂಟಿಸುವ ನಂಬರು, ಇದ್ಯಾವುದೂ ಇಲ್ಲದ ಟ್ರೇಲ್ ಓಟ ಅದು.

ಓಟಕ್ಕೆ ದಿನ ಹುಡುಕುವವನೂ ಕೊನೆಗೆ ಬಂದು ನಿಲ್ಲುವುದು ಪಂಚಮಿಗೇ. ಜೂನಿನಲ್ಲಿ ಬಿತ್ತನೆಯ ಗಡಿಬಿಡಿ, ಹದ ತಪ್ಪಿದರೆ ವರ್ಷವೇ ತಪ್ಪೀತೆಂಬ ಆತಂಕ. ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಹೆಸರು ಕೀಳುವ ಕಾಲ. ಆಗ ಹಿಡಿದ ಮಳೆ ಓಟಗಾರನಿಗೆ ಖುಷಿ ಕೊಟ್ಟೀತು; ಅದೇ ಹೊತ್ತಿಗೆ ಗಿಡದ ಮೇಲೆಯೇ ಹೆಸರುಕಾಯಿ ಮೊಳಕೆಯೊಡೆಯುತ್ತಿರುತ್ತದೆ. ಆ ಹೊಲದ ಪಕ್ಕದಲ್ಲಿ ಬಣ್ಣದ ಅಂಗಿ ತೊಟ್ಟು ಕೇಕೆ ಹಾಕುತ್ತ ಓಡುವುದು ಸಭ್ಯತೆಯಲ್ಲ. ಅಕ್ಟೋಬರಿಗೆ ಹಿಂಗಾರಿ ಬಿತ್ತನೆ. ಇನ್ನು ಈ ಭಾಗದಲ್ಲಿ ಹರಿಯುವ ಬೆಣ್ಣೆಹಳ್ಳವನ್ನು ಯಾವ ತಿಂಗಳೂ ನಂಬುವಂತಿಲ್ಲ. ಬೇಸಿಗೆಯಲ್ಲಿ ಚಪ್ಪಲಿ ಕೈಗೆತ್ತಿಕೊಳ್ಳದೆ ದಾಟುವ ಹಳ್ಳ 2009ರಲ್ಲಿ, 2019ರಲ್ಲಿ ಯಮನೂರಿನ ಸುತ್ತಲಿನ ಸೀಮೆಯನ್ನೇ ನೀರಿನಡಿ ಹಾಕಿತ್ತು. ಓಟದ ದಾರಿಯನ್ನು ಹಳ್ಳದ ಆಚೆಗೆ ಒಯ್ಯುವ ಸಂಘಟಕನಿಗೆ ಊರಿನವರ ಮಾತು ಕಿವಿಗೆ ಬೀಳಬೇಕು, ಉಪಗ್ರಹದ ನಕ್ಷೆ ಸಾಲದು.

ಪಂಚಮಿಯಲ್ಲಾದರೆ ಹೊಲದ ಕೆಲಸಕ್ಕೆ ಬಿಡುವು, ಮೇಲೆ ಜಿಟಿಜಿಟಿ ಮಳೆ, ಜಾಡಿನಲ್ಲಿ ನೀರು. ಶಕ್ತಿಗೆಂದು ಪೊಟ್ಟಣದ ಸಿಹಿ ಅಂಟು ಹೀರುವ ಅಗತ್ಯವಿಲ್ಲ, ಪ್ರತಿ ಊರ ಬಾಗಿಲಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಸಿಗುತ್ತವೆ. ನೀರಿನ ಲೋಟದ ಪಕ್ಕದಲ್ಲಿ ಕಾಲು ಕೆರೆದುಕೊಳ್ಳಲು ನಾಲ್ಕು ಕುರುಪಿ ಇಟ್ಟರೆ ಸಾಕು. ದೂರವನ್ನು ಕಿಲೋಮೀಟರಿನಲ್ಲಿ ಹೇಳಿದರೆ ಒಪ್ಪದವರಿಗೆ ನಿಂಬೆಹಣ್ಣಿನಲ್ಲೂ ಹೇಳಬಹುದು: ಗಟ್ಟಿ ರಟ್ಟೆಯವನೊಬ್ಬ ಸಲಕ್ಕೆ 70 ಮೀಟರ್ ಒಗೆದ ಎಂದಿಟ್ಟುಕೊಂಡರೆ ಅರ್ಧ ಮ್ಯಾರಥಾನಿಗೆ ಸುಮಾರು 300 ಎಸೆತ. ಅಷ್ಟಕ್ಕೆ ಪಂದ್ಯ ಕಟ್ಟುವವರು ಊರಿಗೆ ಇಬ್ಬರಾದರೂ ಇದ್ದೇ ಇರುತ್ತಾರೆ. ಬೂಟು ಹಾಕಿಕೊಂಡು ಓಡುವವರನ್ನು ಮಾತ್ರ ಹುಬ್ಬಳ್ಳಿಯಿಂದ ಕರೆಸಬೇಕಾದೀತು.