ಅಂಕಿ ಓದುವ ದನಿ, ಕಿಟಕಿಯ ಕೆಂಪು ನೂಲು

ಈಗಿನ ಮಕ್ಕಳಿಗೆ ರೇಡಿಯೋ ಎಂದರೆ ಮೊಬೈಲಿನೊಳಗೆ ಅಡಗಿರುವ ಹಾಡಿನ ಪೆಟ್ಟಿಗೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯ ನಮ್ಮಂಥವರಿಗೆ ಅದು ಒಂದು ಕಾಲಕ್ಕೆ ಹೊರಲೋಕದ ಬಾಗಿಲಾಗಿತ್ತು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಕಚೇರಿಯ ಹಳೆಯ ಕಾಗದಗಳಲ್ಲಿ ಉರ್ದು. ಹೀಗೆ ಗಡಿಯ ಮೇಲೆ ಬದುಕುವ ನಮಗೆ ಗಡಿಯೇ ಇಲ್ಲದ ವಸ್ತು ಎಂದರೆ ರೇಡಿಯೋ ಒಂದೇ. ಹಗಲಿನಲ್ಲಿ ಕಲಬುರಗಿಯ ಕನ್ನಡ, ಹೈದರಾಬಾದಿನ ತೆಲುಗು. ರಾತ್ರಿ ಊಟವಾಗಿ, ಜಪಸರ ಮುಗಿದ ಮೇಲೆ ಮುಳ್ಳನ್ನು ಶಾರ್ಟ್‌ವೇವ್ ಕಡೆಗೆ ತಿರುಗಿಸಿದರೆ ಸಿಲೋನ್, ಬಿಬಿಸಿ ಹಿಂದಿ, ಮನಿಲಾದ ರೇಡಿಯೋ ವೆರಿತಾಸ್ ಏಷ್ಯಾ.

ಈ ನಿಲ್ದಾಣಗಳ ನಡುವಿನ ಗೊರಗೊರ ಸದ್ದಿನಲ್ಲಿ ಕೆಲವೊಮ್ಮೆ ಒಂದು ವಿಚಿತ್ರ ದನಿ ಕೇಳಿಬರುತ್ತಿತ್ತು. ಒಬ್ಬ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಬರೀ ಅಂಕಿಗಳನ್ನು ಓದುತ್ತಿದ್ದಳು. ಐದು ಅಂಕಿ, ಸ್ವಲ್ಪ ಮೌನ, ಮತ್ತೆ ಐದು ಅಂಕಿ. ಸುದ್ದಿಯಲ್ಲ, ಹಾಡಲ್ಲ, ಹವಾಮಾನವೂ ಅಲ್ಲ. "ಅವ್ವಾ, ಆಕಿ ಯಾರಿಗೆ ಲೆಕ್ಕ ಹೇಳಕತ್ತಾಳ?" ಎಂದು ನಾವು ಕೇಳಿದರೆ ಅವ್ವ, "ಯಾರಿಗೆ ಬೇಕೋ ಅವರು ಕೇಳತಿರ್ತಾರ, ನಮಗಲ್ಲ ಬಿಡು" ಎನ್ನುತ್ತಿದ್ದರು. ಶಾಲೆಯ ಮುಖ ಕಾಣದ ಅವ್ವ ಹೇಳಿದ್ದೇ ಸರಿಯಾದ ಉತ್ತರ ಎಂದು ನಮಗೆ ತಿಳಿದದ್ದು ಬಹಳ ವರ್ಷಗಳ ನಂತರ.

ಇಂಥ ಪ್ರಸಾರಗಳಿಗೆ ಜಗತ್ತಿನಾದ್ಯಂತ 'ನಂಬರ್ ಸ್ಟೇಷನ್' ಎಂಬ ಹೆಸರಿದೆ. ಬೇಹುಗಾರಿಕೆಯ ಸಂಸ್ಥೆಗಳು ಪರದೇಶಗಳಲ್ಲಿ ಅಡಗಿರುವ ತಮ್ಮ ಗೂಢಚಾರರಿಗೆ ಆಜ್ಞೆ ಕಳುಹಿಸುವ ದಾರಿ ಇದು. ಶಾರ್ಟ್‌ವೇವ್ ಅಲೆಗಳು ಆಕಾಶದ ಮೇಲ್ಪದರಕ್ಕೆ ಬಡಿದು ಮತ್ತೆ ಭೂಮಿಗೆ ಮರಳುವುದರಿಂದ ಸಾವಿರಾರು ಕಿಲೋಮೀಟರ್ ದೂರ ಹೋಗುತ್ತವೆ. ಪತ್ರ ಬರೆದರೆ ಅಂಚೆಯ ಮುದ್ರೆ ಉಳಿಯುತ್ತದೆ, ಫೋನ್ ಮಾಡಿದರೆ ಲೆಕ್ಕ ಉಳಿಯುತ್ತದೆ. ಆದರೆ ಲಕ್ಷಾಂತರ ಮನೆಗಳಲ್ಲಿ ರೇಡಿಯೋ ಹಾಡುವಾಗ, ಯಾವ ಮನೆಯಲ್ಲಿ ಯಾರು ಪೆನ್ಸಿಲ್ ಹಿಡಿದು ಅಂಕಿ ಬರೆದುಕೊಂಡರು ಎಂದು ಯಾರಿಗೆ ಗೊತ್ತಾಗಬೇಕು? ಎಲ್ಲರಿಗೂ ಕೇಳಿಸುತ್ತದೆ, ಒಬ್ಬನಿಗೆ ಮಾತ್ರ ಅರ್ಥವಾಗುತ್ತದೆ.

ಅದರ ಗುಟ್ಟು ಇಷ್ಟೇ. ಕಳುಹಿಸುವವನ ಬಳಿ ಒಂದು ಅಂಕಿಗಳ ಹಾಳೆ ಇರುತ್ತದೆ, ಅದರದೇ ನಕಲು ಗೂಢಚಾರನ ಬಳಿಯೂ ಇರುತ್ತದೆ. ಹೇಳಬೇಕಾದ ಅಂಕಿ 47, ಹಾಳೆಯಲ್ಲಿರುವುದು 85 ಎಂದುಕೊಳ್ಳೋಣ. ದಶಕ ಹಿಡಿಯದೆ ಒಂದೊಂದೇ ಅಂಕಿಯನ್ನು ಕೂಡಿದರೆ 4ಕ್ಕೆ 8 ಸೇರಿ 12, ಅದರಲ್ಲಿ 2 ಮಾತ್ರ. 7ಕ್ಕೆ 5 ಸೇರಿ 12, ಅದರಲ್ಲೂ 2. ರೇಡಿಯೋದಲ್ಲಿ ಓದುವುದು 22. ಕೇಳಿದವನು ತನ್ನ ಹಾಳೆಯ 85ನ್ನು ಅದೇ ರೀತಿ ಕಳೆದರೆ ಮತ್ತೆ 47 ಸಿಗುತ್ತದೆ. ಕೆಲಸವಾದೊಡನೆ ಹಾಳೆಯನ್ನು ಸುಟ್ಟುಬಿಡಬೇಕು. ಒಂದು ಹಾಳೆಯನ್ನು ಒಂದೇ ಸಲ ಬಳಸಿದರೆ ಈ ಗುಟ್ಟನ್ನು ಬಿಡಿಸಲು ಯಾವ ಯಂತ್ರಕ್ಕೂ ಸಾಧ್ಯವಿಲ್ಲ ಎಂದು ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1949ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಸಾಧಿಸಿ ತೋರಿಸಿದರು. ಎರಡನೇ ಮಹಾಯುದ್ಧದ ಗಡಿಬಿಡಿಯಲ್ಲಿ ಸೋವಿಯತ್ ಒಕ್ಕೂಟ ಕೆಲವು ಹಾಳೆಗಳನ್ನು ಎರಡೆರಡು ಬಾರಿ ಮುದ್ರಿಸಿತು; ಅಷ್ಟೇ ಸಾಕಾಗಿ ಅಮೆರಿಕನ್ನರು ಅದರ ಅನೇಕ ಸಂದೇಶಗಳನ್ನು ಬಿಡಿಸಿ ಓದಿದರು.

ಇಂಥ ನಿಲ್ದಾಣಗಳಲ್ಲಿ ಪ್ರಸಿದ್ಧವಾದುದು 'ಲಿಂಕನ್‌ಶೈರ್ ಪೋಚರ್'. ಅದೇ ಹೆಸರಿನ ಇಂಗ್ಲಿಷ್ ಜನಪದ ಗೀತೆಯ ತುಣುಕನ್ನು ನುಡಿಸಿ, ನಂತರ ಹೆಣ್ಣು ದನಿಯಲ್ಲಿ 200 ಗುಂಪು ಅಂಕಿಗಳನ್ನು ಓದುತ್ತಿದ್ದರು. ಅದು ಸೈಪ್ರಸ್ ದ್ವೀಪದ ಬ್ರಿಟಿಷ್ ನೆಲೆಯಿಂದ ಬರುತ್ತಿತ್ತೆಂದು ರೇಡಿಯೋ ಹವ್ಯಾಸಿಗಳು ಪತ್ತೆಹಚ್ಚಿದರು. 2008ರಲ್ಲಿ ಅದು ನಿಂತುಹೋಯಿತು. ಏಷ್ಯಾದ ಕಡೆ ಕೇಳಿಸುತ್ತಿದ್ದ ಅದರ ತಂಗಿ 'ಚೆರ್ರಿ ರೈಪ್' 2009ರಲ್ಲಿ ಮೌನವಾಯಿತು. 2016ರಲ್ಲಿ ಉತ್ತರ ಕೊರಿಯಾದ ರೇಡಿಯೋ ದೂರಶಿಕ್ಷಣದ ವಿದ್ಯಾರ್ಥಿಗಳಿಗೆ ಪಾಠ ಎಂಬ ನೆಪದಲ್ಲಿ ಪುಟದ ಸಂಖ್ಯೆ, ಲೆಕ್ಕದ ಸಂಖ್ಯೆ ಓದತೊಡಗಿದಾಗ ಜಗತ್ತು ಮತ್ತೆ ಕಿವಿ ನಿಮಿರಿಸಿತು.

ಇದೆಲ್ಲ ಕೇಳಲು ಸಿನಿಮಾದಂತೆ ರೋಚಕವಾಗಿದೆ. ಆದರೆ ಅಂಕಿ ಬರೆದುಕೊಳ್ಳುವವನಿಗೂ ಒಂದು ಮನೆ ಇರುತ್ತದಲ್ಲವೇ?

ಅನಾ ಬೆಲೆನ್ ಮೋಂಟೆಸ್ ಎಂಬಾಕೆ ಅಮೆರಿಕದ ರಕ್ಷಣಾ ಗುಪ್ತಚರ ಸಂಸ್ಥೆಯಲ್ಲಿ ದೊಡ್ಡ ಅಧಿಕಾರಿ. ಹಗಲು ಆ ಕೆಲಸ, ರಾತ್ರಿ ಮನೆಯಲ್ಲಿ ಶಾರ್ಟ್‌ವೇವ್ ರೇಡಿಯೋ ಹಚ್ಚಿ ಕ್ಯೂಬಾ ಕಳುಹಿಸುವ ಅಂಕಿಗಳನ್ನು ಬರೆದುಕೊಳ್ಳುವುದು. ಹೀಗೆ ಹದಿನಾರು ವರ್ಷ ನಡೆಯಿತು. ಆಕೆಯ ಸ್ವಂತ ತಂಗಿ ಮತ್ತು ತಮ್ಮ ಅಮೆರಿಕದ ಎಫ್‌ಬಿಐನಲ್ಲಿ ಕೆಲಸ ಮಾಡುತ್ತಿದ್ದರು. ಆ ತಂಗಿ ಕ್ಯೂಬಾದ ಗೂಢಚಾರರ ಜಾಲವನ್ನೇ ಬಯಲಿಗೆಳೆಯುವ ಕೆಲಸದಲ್ಲಿ ಭಾಷಾಂತರಕಾರಳಾಗಿದ್ದಳು! ಹಬ್ಬಕ್ಕೆ ಒಂದೇ ಮೇಜಿಗೆ ಕುಳಿತು ಉಂಡರೂ ಅಕ್ಕ ಯಾರು ಎಂಬುದು ತಂಗಿಗೆ ತಿಳಿಯಲಿಲ್ಲ. 2001ರ ಸೆಪ್ಟೆಂಬರ್ 21ರಂದು ಅಕ್ಕನ ಬಂಧನವಾಯಿತು. 25 ವರ್ಷಗಳ ಶಿಕ್ಷೆಯಾಗಿ, 2023ರ ಜನವರಿಯಲ್ಲಿ ಬಿಡುಗಡೆಯಾಯಿತು. ಆ ದೇಶಕ್ಕೆ ಎಷ್ಟು ನಷ್ಟವಾಯಿತೋ ಅವರ ಲೆಕ್ಕ ಅವರಿಗಿರಲಿ; ಒಂದು ಮನೆಯ ನಂಬಿಕೆ ಮುರಿದದ್ದನ್ನು ಯಾವ ನ್ಯಾಯಾಲಯ ಲೆಕ್ಕ ಹಾಕೀತು?

ಗುಟ್ಟೆಲ್ಲವೂ ಪಾಪ ಎಂದು ನಾವು ಹೇಳುತ್ತಿಲ್ಲ. 1942ರಲ್ಲಿ ಉಷಾ ಮೆಹ್ತಾ ಮತ್ತು ಗೆಳೆಯರು ಮುಂಬಯಿಯಲ್ಲಿ ಮನೆಯಿಂದ ಮನೆಗೆ ಅಡಗಿಕೊಂಡು 'ಕಾಂಗ್ರೆಸ್ ರೇಡಿಯೋ' ನಡೆಸಿ, ಬ್ರಿಟಿಷರು ಮುಚ್ಚಿಟ್ಟ ಸುದ್ದಿಯನ್ನು ದೇಶಕ್ಕೆ ಮುಟ್ಟಿಸಿ ಸೆರೆಮನೆಗೆ ಹೋದರು. ನಮ್ಮ ಗುರುಗಳು ಪಾಪನಿವೇದನೆಯ ಗುಟ್ಟನ್ನು ಪ್ರಾಣ ಹೋದರೂ ಬಿಟ್ಟುಕೊಡುವುದಿಲ್ಲ. ಗುಟ್ಟು ಯಾರನ್ನು ಕಾಯುತ್ತದೆ, ಯಾರನ್ನು ದೂರ ಮಾಡುತ್ತದೆ ಎಂಬುದೇ ಪ್ರಶ್ನೆ.

ಇದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ಹಳೆಯ ಮಹಬೂಬನಗರ ಜಿಲ್ಲೆಯ ಜನ ದುಡಿಮೆಗಾಗಿ ಊರು ಬಿಡುವುದು ಹೊಸದೇನಲ್ಲ. 'ಪಾಲಮೂರು ಕೂಲಿ' ಎಂಬ ಹೆಸರೇ ಬಿದ್ದಿದೆ. 2016ರಲ್ಲಿ ಗದ್ವಾಲ್, 2019ರಲ್ಲಿ ನಾರಾಯಣಪೇಟೆ ಪ್ರತ್ಯೇಕ ಜಿಲ್ಲೆಗಳಾದರೂ ಬಸ್ಸು ಹತ್ತಿ ಹೋಗುವವರು ಹೋಗುತ್ತಲೇ ಇದ್ದಾರೆ. ನಮ್ಮಣ್ಣನೂ 2005ರಲ್ಲಿ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದರು. ಫೋನಿನ ಮಾತು ದುಬಾರಿಯಾಗಿದ್ದ ಕಾಲ. ಹಾಗಾಗಿ ಮನೆಯವರೆಲ್ಲ ಸೇರಿ ಒಂದು ಸಂಕೇತ ಮಾಡಿಕೊಂಡೆವು. ಭಾನುವಾರ ಸಂಜೆ ಒಂದು ಸಲ ಗಂಟೆ ಬಾರಿಸಿ ಕಟ್ ಮಾಡಿದರೆ 'ಆರಾಮ ಇದ್ದೀನಿ'. ಎರಡು ಸಲವಾದರೆ 'ರೊಕ್ಕ ಕಳಿಸೀನಿ'. ಮೂರು ಸಲವಾದರೆ 'ನೀವೇ ಫೋನ್ ಮಾಡ್ರಿ'. ಯೋಚಿಸಿದರೆ ನಮ್ಮದೂ ಒಂದು ನಂಬರ್ ಸ್ಟೇಷನ್ನೇ!

ಒಂದು ಮಳೆಗಾಲದಲ್ಲಿ ಐದು ಭಾನುವಾರ ತಪ್ಪದೆ ಒಂದೊಂದೇ ಗಂಟೆ ಬಂತು. ಅವ್ವ ಶಿಲುಬೆಯ ಗುರುತು ಮಾಡಿ ಅಡುಗೆಮನೆಗೆ ಹೋಗುತ್ತಿದ್ದರು. ಆರನೆಯ ವಾರ ಗದ್ವಾಲಿನ ಸಂಗಡಿಗರೊಬ್ಬರು ಊರಿಗೆ ಬಂದವರು ವಿಷಯ ತಿಳಿಸಿದರು. ಅಣ್ಣ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡು ತಿಂಗಳ ಮೇಲಾಗಿತ್ತು. ಗುತ್ತಿಗೆದಾರ ಒಂದಿಷ್ಟು ಹಣ ಕೊಟ್ಟು ಕೈತೊಳೆದುಕೊಂಡಿದ್ದ. ಮಲಗಿದಲ್ಲಿಂದಲೇ ಅಣ್ಣ ಭಾನುವಾರ ಭಾನುವಾರ 'ಆರಾಮ' ಎಂಬ ಗಂಟೆ ಬಾರಿಸುತ್ತಿದ್ದರು! ಅಪ್ಪ ಅದೇ ರಾತ್ರಿ ರಾಯಚೂರಿಗೆ ಹೋಗಿ ರೈಲು ಹತ್ತಿದರು. ಮನೆಗೆ ಕರೆತಂದ ದಿನ ಅವ್ವ ಅಳಲಿಲ್ಲ, ಬೈಯಲಿಲ್ಲ. "ಯಾಕಪ್ಪಾ ಹಿಂಗ ಮಾಡ್ದಿ?" ಎಂದಷ್ಟೇ ಕೇಳಿದರು. "ನೀ ಅಳ್ತಿ ಅಂತ, ಅವ್ವಾ" ಎಂದರು ಅಣ್ಣ. "ಅಳೂದು ನನ್ನ ಹಕ್ಕು. ಇನ್ನಮ್ಯಾಗ ಗಂಟಿ ಬ್ಯಾಡ, ದನಿ ಬೇಕು" ಎಂದರು ಅವ್ವ. ಅಂದಿನಿಂದ ಅದೇ ನಮ್ಮ ಮನೆಯ ನಿಯಮ. ವಾರಕ್ಕೊಮ್ಮೆ ಎರಡೇ ನಿಮಿಷವಾದರೂ ಮಾತೇ ಆಡಬೇಕು. ಅಣ್ಣನ ಪ್ರೀತಿ ಸುಳ್ಳಲ್ಲ. ಆದರೆ ಅಂಕಿಗೆ ನಡುಗುವ ಕೊರಳಿಲ್ಲ, ಅದಕ್ಕೇ ಅದು ಇಷ್ಟು ಸುಲಭವಾಗಿ ನೋವನ್ನು ಮುಚ್ಚಿತು.

ಪ್ರಿಯ ಓದುಗರೇ, ನಮ್ಮ ಧರ್ಮಸಭೆಯ ರೇಡಿಯೋದ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. 1931ರ ಫೆಬ್ರವರಿ 12ರಂದು ಪೋಪ್ ಹನ್ನೊಂದನೇ ಪಿಯುಸ್‌ರವರು ಮಾರ್ಕೋನಿಯವರು ಕಟ್ಟಿಕೊಟ್ಟ ವ್ಯಾಟಿಕನ್ ರೇಡಿಯೋವನ್ನು ಉದ್ಘಾಟಿಸಿದರು. ಎರಡನೇ ಮಹಾಯುದ್ಧ ಬಂದಾಗ ಎಷ್ಟೋ ತಾಯಂದಿರಿಗೆ ಮಗ ಸತ್ತನೋ ಸೆರೆಯಲ್ಲಿದ್ದಾನೋ ತಿಳಿಯದಂತಾಯಿತು. ಆಗ ವ್ಯಾಟಿಕನ್ ರೇಡಿಯೋ ಕಾಣೆಯಾದವರ, ಯುದ್ಧ ಕೈದಿಗಳ ಹೆಸರುಗಳನ್ನೂ ಅವರ ಕುಟುಂಬಗಳ ಸಂದೇಶಗಳನ್ನೂ ಗಂಟೆಗಟ್ಟಲೆ ಓದತೊಡಗಿತು. 1940ರಿಂದ 1946ರವರೆಗೆ ಹೀಗೆ ಪ್ರಸಾರವಾದ ಸಂದೇಶಗಳು ಹನ್ನೆರಡು ಲಕ್ಷಕ್ಕೂ ಹೆಚ್ಚು. ಅದೇ ಶಾರ್ಟ್‌ವೇವ್, ಅದೇ ಏರಿಳಿತವಿಲ್ಲದ ದನಿ. ಒಂದು ಕಡೆ ಮನುಷ್ಯನ ಹೆಸರನ್ನು ಅಳಿಸಿ ಅಂಕಿ ಮಾಡಿದರು, ಇನ್ನೊಂದು ಕಡೆ ಅಂಕಿಯಾಗಿಹೋಗಿದ್ದ ಕೈದಿಯನ್ನು ಮತ್ತೆ ಹೆಸರು ಹಿಡಿದು ಕರೆದರು.

ಪವಿತ್ರ ಗ್ರಂಥದಲ್ಲೂ ಗೂಢಚಾರರ ಕಥೆಯಿದೆ. ಯೆಹೋಶುವನು ಕಳುಹಿಸಿದ ಇಬ್ಬರನ್ನು ಯೆರಿಕೋ ಪಟ್ಟಣದ ರಾಹಾಬಳು ತನ್ನ ಮಾಳಿಗೆಯ ಮೇಲೆ ನಾರಿನ ದಂಟುಗಳಡಿ ಬಚ್ಚಿಟ್ಟಳು. ಪ್ರತಿಯಾಗಿ ಅವಳು ಕೇಳಿದ್ದು ಹೊನ್ನಲ್ಲ. ತಂದೆತಾಯಿ, ಅಣ್ಣತಮ್ಮ, ಅಕ್ಕತಂಗಿಯರ ಪ್ರಾಣ. ಕಿಟಕಿಗೆ ಕಟ್ಟಿದ ಕೆಂಪು ನೂಲೇ ಸಂಕೇತವಾಯಿತು. ಊರಿಗೆಲ್ಲ ಕಂಡರೂ ಆ ನೂಲಿನ ಅರ್ಥ ಗೊತ್ತಿದ್ದದ್ದು ಕೆಲವರಿಗೆ ಮಾತ್ರ. ಆದರೆ ಆ ನೂಲು ಉಳಿಸಬೇಕಾದರೆ ಮನೆಮಂದಿಯೆಲ್ಲ ಆ ಕಿಟಕಿಯ ಒಳಗೆ ಒಟ್ಟಿಗೆ ಇರಬೇಕಿತ್ತು. ಆ ರಾಹಾಬಳ ಹೆಸರನ್ನು ಸಂತ ಮತ್ತಾಯರು ಪ್ರಭು ಯೇಸುವಿನ ವಂಶಾವಳಿಯಲ್ಲಿ ಬರೆದಿದ್ದಾರೆ. ನೂಲಿನಿಂದಲೇ ಬದುಕುವ ನಾರಾಯಣಪೇಟೆ, ಗದ್ವಾಲಿನ ನೇಕಾರ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗದ್ವಾಲ್ ಸೀರೆಯ ಹತ್ತಿಯ ಮೈಗೆ ರೇಷ್ಮೆಯ ಅಂಚನ್ನು ಎಳೆಗೆ ಎಳೆ ಕೂಡಿಸದಿದ್ದರೆ ಸೀರೆಯೇ ಇಲ್ಲ.

ಶಾರ್ಟ್‌ವೇವ್ ಈಗ ಹೆಚ್ಚು ಕಡಿಮೆ ಮೌನವಾಗಿದೆ. ರೇಡಿಯೋ ವೆರಿತಾಸ್ ಏಷ್ಯಾ 2018ರಲ್ಲಿ, ಬಿಬಿಸಿ ಹಿಂದಿ 2020ರಲ್ಲಿ ಅದನ್ನು ಬಿಟ್ಟವು. ಮಾತು ಅಗ್ಗವಾಗಿ ಮೊಬೈಲು ಎಲ್ಲರ ಕೈಗೆ ಬಂದಿದೆ. ಆದರೂ ಒಂದೇ ಮನೆಯಲ್ಲಿ ನಾಲ್ವರು ನಾಲ್ಕು ಪರದೆ ನೋಡುತ್ತ, ದೂರದ ಮಗ ಹೆಬ್ಬೆರಳಿನ ಚಿತ್ರ ಕಳುಹಿಸಿ 'ಆರಾಮ' ಎಂದರೆ ನಾವೂ ನಂಬಿಬಿಡುತ್ತೇವೆ. ಅದು ಆ ಒಂದು ಗಂಟೆಯ ಹೊಸ ರೂಪವಲ್ಲವೇ? 1967ರಿಂದ ಧರ್ಮಸಭೆ ವರ್ಷಕ್ಕೊಂದು ದಿನವನ್ನು ಸಂಪರ್ಕ ಮಾಧ್ಯಮಗಳಿಗಾಗಿ ಮೀಸಲಿಟ್ಟಿದೆ. ಆ ದಿನಕ್ಕೆ ಕಾಯುವುದು ಬೇಡ. ಈ ಭಾನುವಾರ ಬಲಿಪೂಜೆ ಮುಗಿಸಿ ಬಂದ ಮೇಲೆ, ಊರು ಬಿಟ್ಟು ದುಡಿಯುವ ಮಗನೋ ಮಗಳೋ ತಮ್ಮನೋ ಇದ್ದರೆ ಹೆಸರು ಹಿಡಿದು ಕರೆಯಿರಿ. 'ಆರಾಮ' ಎಂದು ಹೇಳಿದ ಮೇಲೂ ಸ್ವಲ್ಪ ಹೊತ್ತು ಫೋನು ಇಡಬೇಡಿ. ಹೇಳಬೇಕಾದದ್ದು ಎಷ್ಟೋ ಸಲ ಆ ಮಾತಿನ ಆಮೇಲೆ ಬರುತ್ತದೆ.