ವಿಮಾನದ ಒಡಲು

ಇಂಗ್ಲೆಂಡಿನ ಡೇವಿಡ್ ಗ್ಲೆನ್ ಎಂಬವರು ಒಂದು ವಿಮಾನದ ಮಾದರಿಯನ್ನು ಕಟ್ಟುವುದರಲ್ಲಿ 11 ವರ್ಷಗಳಿಗೂ ಹೆಚ್ಚು ಕಾಲವನ್ನು ಕಳೆದರು. ಎರಡನೆಯ ಮಹಾಯುದ್ಧದಲ್ಲಿ ಹೆಸರಾದ ಸ್ಪಿಟ್‌ಫೈರ್ ವಿಮಾನದ ಮಾರ್ಕ್ 9 ಎಂಬ ಬಗೆಯ ಮಾದರಿ ಅದು. ಗಾತ್ರದಲ್ಲಿ ನಿಜವಾದ ವಿಮಾನದ ಐದನೆಯ ಒಂದು ಭಾಗ. ನಿಜವಾದ ಸ್ಪಿಟ್‌ಫೈರಿನ ರೆಕ್ಕೆಗಳು ಒಂದು ತುದಿಯಿಂದ ಇನ್ನೊಂದು ತುದಿಗೆ 36 ಅಡಿ 10 ಅಂಗುಲ. ಮಾದರಿಯಲ್ಲಿ ಅವು 7 ಅಡಿಗಿಂತ ತುಸು ಹೆಚ್ಚು. ಒಳಗೆ ಬಾಲ್ಸಾ ಎಂಬ ಅತಿ ಹಗುರವಾದ ಮರ, ಹೊರಗೆ ತೆಳುವಾದ ಅಲ್ಯುಮಿನಿಯಂ ತಗಡು. ಪುಸ್ತಕಗಳನ್ನು ಅಚ್ಚು ಮಾಡುವ ಯಂತ್ರದಲ್ಲಿ ಬಳಸುವ ಫಲಕವೇ ಈ ತಗಡು.

ಅಂಗಡಿಯಲ್ಲಿ ದೊರೆಯುವ ಪೆಟ್ಟಿಗೆಯನ್ನು ಕೊಂಡು, ಅದರಲ್ಲಿರುವ ಬಿಡಿಭಾಗಗಳನ್ನು ಅಂಟಿಸಿ ವಿಮಾನ ಮಾಡುವವರು ಬಹಳ ಮಂದಿ ಇದ್ದಾರೆ. ಅದೂ ಒಳ್ಳೆಯ ಹವ್ಯಾಸವೇ. ಆದರೆ ಅಲ್ಲಿ ಯೋಚಿಸುವ ಕೆಲಸವನ್ನು ಬೇರೊಬ್ಬರು ಮೊದಲೇ ಮಾಡಿ ಮುಗಿಸಿರುತ್ತಾರೆ. ಬರಿಯ ತಗಡು ಮತ್ತು ಕತ್ತರಿಯನ್ನು ಮುಂದಿಟ್ಟುಕೊಂಡು ಕುಳಿತವನ ಪಾಡು ಬೇರೆ. ಈ ತಗಡು ಎಲ್ಲಿ ಮುಗಿದು ಮುಂದಿನದು ಎಲ್ಲಿ ಆರಂಭವಾಗುತ್ತದೆ? ಯಾವುದು ಯಾವುದರ ಮೇಲೆ ಏರಿ ಕೂಡುತ್ತದೆ? ಬೆಸುಗೆಯ ಮೊಳೆಗಳಂತಿರುವ ರಿವೆಟ್ಟುಗಳ ಸಾಲು ಇಲ್ಲಿ ಒಂದೇ ಏಕೆ, ಅಲ್ಲಿ ಎರಡೇಕೆ? ಚಿತ್ರ ಬರೆಯುವವನು ತಿಳಿಯದ ಭಾಗವನ್ನು ನೆರಳಿನಲ್ಲಿ ಮರೆಸಿಬಿಡಬಹುದು. ಲೋಹದಲ್ಲಿ ಕೆಲಸ ಮಾಡುವವನಿಗೆ ಅಂಥ ನೆರಳು ದೊರೆಯುವುದಿಲ್ಲ. ಉತ್ತರ ಸಿಕ್ಕುವ ತನಕ ಕತ್ತರಿಯನ್ನು ಆಡಿಸುವಂತಿಲ್ಲ.

ಸ್ಪಿಟ್‌ಫೈರನ್ನು ರೂಪಿಸಿದವರು ಆರ್. ಜೆ. ಮಿಚೆಲ್. 1936ನೆಯ ಇಸವಿ ಮಾರ್ಚ್ 5ರಂದು ಅದು ಮೊದಲ ಬಾರಿಗೆ ಹಾರಿತು. ಮರುವರ್ಷವೇ ಮಿಚೆಲ್ ತೀರಿಕೊಂಡರು. ತಾವು ರೂಪಿಸಿದ ವಿಮಾನ ಯುದ್ಧದಲ್ಲಿ ಏನು ಮಾಡಿತೆಂಬುದನ್ನು ಅವರು ಕಾಣಲಿಲ್ಲ. ಈ ವಿಮಾನದ ಕಥೆಯಲ್ಲಿ ಕನ್ನಡನಾಡಿನ ಒಂದು ಎಳೆಯೂ ಸೇರಿಕೊಂಡಿದೆ. 1941ರಲ್ಲಿ ಬ್ರಿಟಿಷ್ ವಾಯುಪಡೆಯ 129ನೆಯ ದಳಕ್ಕೆ ವಿಮಾನಗಳನ್ನು ಕೊಳ್ಳಲು ಮೈಸೂರು ಸಂಸ್ಥಾನ ಹಣ ನೀಡಿತು. ಆ ದಳಕ್ಕೆ ಮೈಸೂರಿನ ಹೆಸರನ್ನೇ ಇಡಲಾಯಿತು. ಅದರ ಲಾಂಛನದಲ್ಲಿ ಮೈಸೂರಿನ ಗಂಡಭೇರುಂಡ ನೆಲೆಸಿತು. 1943ರಲ್ಲಿ ಆ ದಳದವರು ಹಾರಿಸಿದ್ದು ಇದೇ ಮಾರ್ಕ್ 9 ಸ್ಪಿಟ್‌ಫೈರನ್ನು.

ವಿಮಾನದ ಒಡಲನ್ನು ತಿಳಿಯಲು ಗ್ಲೆನ್ ಅವರು ಆಶ್ರಯಿಸಿದ್ದು ಮೂರು ಬಗೆಯ ಆಧಾರಗಳನ್ನು. ವಿಮಾನವನ್ನು ತಯಾರಿಸಿದ ಸೂಪರ್‌ಮೆರೀನ್ ಸಂಸ್ಥೆಯ ಹಳೆಯ ನಕ್ಷೆಗಳು ಒಂದು. ದುರಸ್ತಿ ಮಾಡುವವರಿಗಾಗಿ ಬರೆದ ಕೈಪಿಡಿಗಳು ಇನ್ನೊಂದು. ತಾವೇ ತೆಗೆದ ಲೆಕ್ಕವಿಲ್ಲದಷ್ಟು ಛಾಯಾಚಿತ್ರಗಳು ಮತ್ತೊಂದು. ಕೇಂಬ್ರಿಜ್‌ಷೈರಿನ ಡಕ್ಸ್‌ಫರ್ಡ್ ಎಂಬಲ್ಲಿ ಹಳೆಯ ವಿಮಾನಗಳ ದೊಡ್ಡ ಸಂಗ್ರಹವಿದೆ. ಅಲ್ಲಿ ಅವರು ಸ್ವಯಂಸೇವಕರಾಗಿ ದುಡಿಯುತ್ತಿದ್ದರು. ಸ್ಪಿಟ್‌ಫೈರುಗಳು ಅಲ್ಲಿ ಅಪರೂಪವಲ್ಲ. ಅವಕಾಶ ದೊರೆತಾಗಲೆಲ್ಲ ಅವರು ಕ್ಯಾಮೆರಾ ಹಿಡಿದು ವಿಮಾನದ ಬಳಿ ನಿಂತರು.

ಇಷ್ಟು ಆಧಾರಗಳಿದ್ದ ಮೇಲೆ ಕೆಲಸ ಸುಲಭವಾಯಿತೆಂದು ತೋರಬಹುದು. ಹಾಗಾಗುವುದಿಲ್ಲ. ನಕ್ಷೆ ಹೇಳುವುದು ವಿಮಾನ ಹೇಗಿರಬೇಕು ಎಂಬುದನ್ನು. ಅದು ಹೇಗಿತ್ತು ಎಂಬುದನ್ನು ಹೇಳಬೇಕಾದದ್ದು ವಿಮಾನವೇ. ಮಾರ್ಕ್ 9 ಎಂಬ ಒಂದೇ ಹೆಸರಿನಡಿಯಲ್ಲಿ 5 ಸಾವಿರಕ್ಕೂ ಹೆಚ್ಚು ವಿಮಾನಗಳು ಹೊರಬಂದವು. ಮೊದಲು ಬಂದವುಗಳ ಬಾಲದ ಚುಕ್ಕಾಣಿಯ ತುದಿ ದುಂಡಗಿದ್ದರೆ, ಕಡೆಗೆ ಬಂದ ಅನೇಕ ವಿಮಾನಗಳಲ್ಲಿ ಅದು ಚೂಪಾಗಿತ್ತು. ಒಂದರ ಚಿತ್ರವನ್ನು ನೋಡಿ ಇನ್ನೊಂದನ್ನು ಮಾಡಿದರೆ, ಒಬ್ಬರ ದೇಹಕ್ಕೆ ಮತ್ತೊಬ್ಬರ ಮೂಗನ್ನು ಜೋಡಿಸಿದಂತಾಗುತ್ತದೆ. ಇಂದು ಹಾರುವ ಸ್ಥಿತಿಯಲ್ಲಿರುವ ಹಳೆಯ ವಿಮಾನಗಳನ್ನಂತೂ ಇನ್ನೂ ಎಚ್ಚರದಿಂದ ನೋಡಬೇಕು. ಅವುಗಳ ತಗಡುಗಳು ಎಷ್ಟೋ ಕಡೆ ಹೊಸವು. ಒಳಗಿರುವ ರೇಡಿಯೋ ಈ ಕಾಲದ್ದು. ಕಣ್ಣಾರೆ ಕಂಡದ್ದು ಕೂಡ ಸುಳ್ಳಾಗಬಹುದು.

ರಿವೆಟ್ಟುಗಳ ವಿಷಯವನ್ನೇ ನೋಡಬಹುದು. ರಿವೆಟ್ಟಿನಲ್ಲಿ ಎರಡು ಬಗೆ: ತಲೆ ಉಬ್ಬಿ ಮೇಲೆ ಕಾಣುವಂಥದು ಒಂದು, ತಗಡಿನ ಮಟ್ಟಕ್ಕೆ ಸಮವಾಗಿ ಅಡಗಿ ಕೂರುವಂಥದು ಇನ್ನೊಂದು. ಅಡಗಿದ ತಲೆಯ ರಿವೆಟ್ಟು ಗಾಳಿಯನ್ನು ತಡೆಯುವುದಿಲ್ಲ. ಆದರೆ ಅದನ್ನು ಕೂರಿಸುವುದಕ್ಕೆ ಸಮಯವೂ ಖರ್ಚೂ ಹೆಚ್ಚು. ಹಾಗಾದರೆ ವಿಮಾನದ ಯಾವ ಭಾಗದಲ್ಲಿ ಅದು ನಿಜವಾಗಿಯೂ ಅವಶ್ಯಕ? ಇದನ್ನು ತಿಳಿಯಲು ಸೂಪರ್‌ಮೆರೀನ್ ಸಂಸ್ಥೆಯವರು ಹೂಡಿದ ಉಪಾಯ ಯಾವ ಅಡುಗೆಮನೆಯಲ್ಲಿಯೂ ಹೊಳೆಯಬಹುದಾಗಿತ್ತು. ಅಡಗಿದ ರಿವೆಟ್ಟುಗಳ ಮೇಲೆ ಒಂದೊಂದು ಬಟಾಣಿಬೇಳೆಯನ್ನು ಅಂಟಿಸಿ ವಿಮಾನವನ್ನು ಹಾರಿಸಿದರು! ಒಡೆದ ಬಟಾಣಿಯ ಅರ್ಧಗೋಳಕ್ಕೂ ಉಬ್ಬಿದ ರಿವೆಟ್ಟಿನ ತಲೆಗೂ ಆಕಾರದಲ್ಲಿ ಬಹಳ ವ್ಯತ್ಯಾಸವಿಲ್ಲ. ಮೈತುಂಬ ಬೇಳೆ ಹೊತ್ತ ವಿಮಾನದ ವೇಗ ಗಂಟೆಗೆ 22 ಮೈಲಿಯಷ್ಟು ತಗ್ಗಿತು. ಆಮೇಲೆ ಒಂದೊಂದು ಭಾಗದಿಂದ ಬೇಳೆಗಳನ್ನು ಕಿತ್ತು, ಮತ್ತೆ ಹಾರಿಸಿ ಅಳೆದರು. ರೆಕ್ಕೆಯ ಮೇಲೆ ಉಬ್ಬುತಲೆ ಸಲ್ಲದು, ಒಡಲಿನ ಹಿಂಭಾಗದಲ್ಲಿ ಇದ್ದರೆ ಅಷ್ಟೇನೂ ನಷ್ಟವಿಲ್ಲ ಎಂಬುದು ಹೀಗೆ ಗೊತ್ತಾಯಿತು. ಗ್ಲೆನ್ ಅವರ ಮಾದರಿಯಲ್ಲಿ ಈ ಎರಡು ಬಗೆಯ ರಿವೆಟ್ಟುಗಳೂ ಇವೆ. ಬೇಳೆಯ ಕಥೆ ತಿಳಿಯದವನಿಗೆ ಅವು ಬರಿಯ ಚುಕ್ಕೆಗಳು.

ರೆಕ್ಕೆಯ ಒಳಗಿರುವ ಮುಖ್ಯವಾದ ತೊಲೆಯದು ಇನ್ನೊಂದು ಸೋಜಿಗ. ಆ ತೊಲೆಯ ಮೇಲಂಚು ಕೆಳಅಂಚುಗಳಲ್ಲಿ ಚೌಕಾಕಾರದ ಲೋಹದ ಕೊಳವೆಗಳನ್ನು ಒಂದರೊಳಗೊಂದರಂತೆ ತೂರಿಸಿದ್ದರು. ಒಡಲಿನ ಹತ್ತಿರ ಇಂಥ ಐದು ಕೊಳವೆಗಳು ಕೂಡಿರುತ್ತವೆ. ರೆಕ್ಕೆಯ ತುದಿಯತ್ತ ಸಾಗಿದಂತೆ ಅವು ಒಂದೊಂದಾಗಿ ಕಡಿಮೆಯಾಗುತ್ತವೆ. ಭಾರ ಹೆಚ್ಚು ಬೀಳುವುದು ಬುಡದಲ್ಲಿ, ಆದ್ದರಿಂದ ಬಲವೂ ಅಲ್ಲಿಯೇ ಹೆಚ್ಚು. ಲಾರಿಯ ಗಾಲಿಯ ಮೇಲೆ ಉದ್ದದ ಪಟ್ಟಿ, ಗಿಡ್ಡದ ಪಟ್ಟಿಗಳನ್ನು ಒಟ್ಟಿಗೆ ಬಿಗಿದಿರುವುದನ್ನು ಕಂಡವರಿಗೆ ಇದರ ಮರ್ಮ ಹೊಳೆಯದಿರದು. ರೆಕ್ಕೆ ಮುಚ್ಚಿದ ಮೇಲೆ ಈ ತೊಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಣದ ತೊಲೆಯನ್ನು ಮಾದರಿ ಮಾಡುವವನು ಅರಿತೇನು ಪ್ರಯೋಜನ ಎಂದು ಕೇಳಬಹುದು. ಹೊದಿಕೆಯ ತಗಡಿನ ಮೇಲೆ ಓಡುವ ರಿವೆಟ್ಟಿನ ಸಾಲು ಒಳಗಿನ ತೊಲೆ, ಪಕ್ಕೆಲುಬುಗಳ ಜಾಡನ್ನೇ ಹಿಡಿದು ಸಾಗುತ್ತದೆ. ಬಡಕಲು ಎತ್ತಿನ ಮೈಮೇಲೆ ಮೂಳೆಗಳ ಲೆಕ್ಕ ಸಿಗುವಂತೆ ಇಲ್ಲಿಯೂ ಸಿಗುತ್ತದೆ. ಒಳಗನ್ನು ಅರಿಯದೆ ಹೊರಗನ್ನು ಮಾಡಹೊರಟರೆ ಆ ಸಾಲು ಎಲ್ಲಿಯೋ ಒಂದು ಕಡೆ ದಾರಿ ತಪ್ಪುತ್ತದೆ.

ಆ ರಿವೆಟ್ಟುಗಳನ್ನು ಮೊದಲು ಬಡಿದ ಕೈಗಳು ಯಾರವು? 1940ರ ಸೆಪ್ಟೆಂಬರಿನಲ್ಲಿ ಸೌತಾಂಪ್ಟನ್ ನಗರದ ವುಲ್‌ಸ್ಟನ್‌ನಲ್ಲಿದ್ದ ಸೂಪರ್‌ಮೆರೀನ್ ಕಾರ್ಖಾನೆಯ ಮೇಲೆ ಜರ್ಮನರು ಬಾಂಬು ಸುರಿದರು. ಅನೇಕರು ಮಡಿದರು. ಅನಂತರ ಆ ಕೆಲಸವನ್ನು ಒಂದೆಡೆ ಇಡದೆ, ಸುತ್ತಲಿನ ಊರುಗಳ ಮೋಟಾರು ಗ್ಯಾರೇಜು, ಬಟ್ಟೆ ಒಗೆಯುವ ಕಾರ್ಖಾನೆ, ಬಸ್ಸು ನಿಲ್ಲಿಸುವ ಕಟ್ಟಡಗಳಿಗೆ ಹಂಚಿಬಿಟ್ಟರು. ಅಲ್ಲಿ ದುಡಿದವರಲ್ಲಿ ಅದುವರೆಗೆ ಲೋಹವನ್ನು ಮುಟ್ಟದಿದ್ದ ಹೆಂಗಸರು, ಆಗತಾನೆ ಶಾಲೆ ಬಿಟ್ಟ ಹುಡುಗರು ಇದ್ದರು. ಅವರಲ್ಲಿ ಹೆಚ್ಚಿನವರ ಹೆಸರನ್ನು ಯಾವ ನಕ್ಷೆಯೂ ಹೇಳುವುದಿಲ್ಲ. ಅವರಲ್ಲಿ ಬಹುಮಂದಿ ಈಗಿಲ್ಲ. ತಗಡಿನ ಅಂಚನ್ನು ಹೇಗೆ ಮಡಿಸಿದರು, ಇಕ್ಕಟ್ಟಾದ ಮೂಲೆಯೊಳಕ್ಕೆ ಕೈಯನ್ನು ಹೇಗೆ ತೂರಿಸಿದರು ಎಂದು ಕೇಳೋಣವೆಂದರೆ ಉತ್ತರಿಸುವವರಿಲ್ಲ, ಲೋಹವೊಂದೇ ಉಳಿದಿದೆ.

ಸ್ಪಿಟ್‌ಫೈರ್ ಕೊಲ್ಲುವುದಕ್ಕಾಗಿ ಮಾಡಿದ ಯಂತ್ರ. ಅದರ ಅಂದವನ್ನು ಹೊಗಳುವವರು ಈ ಮಾತನ್ನು ಮರೆಯಬಾರದು. ಅದನ್ನು ಹಾರಿಸಿದವರಲ್ಲಿ ಇಪ್ಪತ್ತರ ಆಸುಪಾಸಿನವರೇ ಬಹಳ, ಹಿಂತಿರುಗದವರೂ ಬಹಳ. ಪ್ರಾಣವನ್ನು ಅದರ ಕೈಗೆ ಒಪ್ಪಿಸಿ ಕುಳಿತ ಆ ತರುಣರಿಗೆ ಒಂದೊಂದು ರಿವೆಟ್ಟೂ ಆಟದ ವಸ್ತುವಾಗಿರಲಿಲ್ಲ.

ಮಾದರಿ ಸಿದ್ಧವಾದ ಮೇಲೆ ಲಂಡನ್ನಿನ ಹೆಂಡನ್‌ನಲ್ಲಿರುವ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿ ಅದನ್ನು ಪ್ರದರ್ಶನಕ್ಕೆ ಇರಿಸಲಾಯಿತು. ಯುದ್ಧಕಾಲದ ಹಸುರು, ಬೂದಿ ಬಣ್ಣಗಳನ್ನು ಬಳಿದರೆ ಒಡಲಿನ ರಚನೆ ಮರೆಯಾದೀತೆಂದು ಸಂಗ್ರಹಾಲಯದ ಮುಖ್ಯಸ್ಥರು ಸೂಚಿಸಿದ್ದರಿಂದ, ಬಣ್ಣವಿಲ್ಲದೆ ಬರಿಯ ಲೋಹದಲ್ಲಿಯೇ ಅದನ್ನು ಬಿಡಲಾಯಿತು. ಒಂದೊಂದು ಸಾಲೂ ಒಂದೊಂದು ಕೂಡುಗೆರೆಯೂ ಬೆಳಕಿಗೆ ಹೊಳೆಯುತ್ತವೆ. ಅದರಲ್ಲಿ ಒಟ್ಟು ಎಷ್ಟು ರಿವೆಟ್ಟುಗಳಿವೆ ಎಂಬುದಕ್ಕೆ ಗ್ಲೆನ್ ಅವರು ಖಚಿತವಾದ ಲೆಕ್ಕವಿಟ್ಟಿಲ್ಲ. 19 ಸಾವಿರಕ್ಕೆ ಕಡಿಮೆಯಿರಲಾರದು ಎಂದು ಅವರ ಅಂದಾಜು.